ಬೇಸಿಗೆ ಬಂದ ಮೇಲೆ ಬ್ರೆಡ್ ಮಶಿನ್‌ನಲ್ಲಿ (ಹಿಟ್ಟು ನಾದಿ, ಉಬ್ಬಿಸಿ, ತಾನೇ ಬೇಯಿಸೋ ಮಶಿನ್) ಮಾಡಿದ ಬ್ರೆಡ್ ನಡುವೆ ತಗ್ಗು ಬೀಳ್ತಿದೆ, ಕಲಬುರಗಿಯಲ್ಲಿದ್ದೀನಿ. ಒಳ್ಳೆ ಕಂಪನಿಯ ಮಶಿನ್ ತಗೊಳ್ಳಲೋ, ಹೊರದೇಶದ ಬ್ರೆಡ್ ಹಿಟ್ಟು ತರಿಸಲೋ?

ಎರಡೂ ಬೇಡ. ರೊಕ್ಕ ಹಾಗೇ ಇಟ್ಕೊಳ್ರಿ. ಡಿಸೆಂಬರ್‌ನಲ್ಲಿ ಚಲೋ ಬಂದ ಬ್ರೆಡ್, ಅದೇ ಅಳತೆ, ಅದೇ ಪ್ರೋಗ್ರಾಂ, ಏಪ್ರಿಲ್‌ನಲ್ಲಿ ಮುಚ್ಚಳಕ್ಕೆ ತಾಗೋ ಹಾಗೆ ಉಬ್ಬಿ, ಬೇಯೋಕೆ ಶುರುವಾದ ಮೇಲೆ ನೆತ್ತಿ ಕುಸಿದು, ಕೊಯ್ದರೆ ಹುಳಿ ವಾಸನೆ. ಇದನ್ನ ನಾನೂ ಇದೇ ಊರಿನಲ್ಲಿ ನೋಡಿದ್ದೀನಿ. ಮಶಿನ್ ಕೆಟ್ಟಿಲ್ಲ, ಹಿಟ್ಟೂ ಕೆಟ್ಟಿಲ್ಲ. ನೀವು ಹಾಕೋ ನೀರು ಬಿಸಿ ಇದೆ.

ಮಶಿನ್ ಜೊತೆ ಬರೋ ಪುಸ್ತಕದಲ್ಲಿ ಉಗುರುಬೆಚ್ಚಗಿನ ನೀರು ಹಾಕಿ ಅಂತ ಇರ್ತದೆ. ಅಡುಗೆಮನೆ 20 ಡಿಗ್ರಿ ಇರೋ ದೇಶಕ್ಕೆ ಆ ಮಾತು ಸರಿ. ನಮ್ಮಲ್ಲಿ ಮೇ ತಿಂಗಳು ಮಾಳಿಗೆ ಮೇಲಿನ ಟಾಕಿ ನೀರು ನಳದಿಂದ ಬರೋವಾಗಲೇ 40 ಡಿಗ್ರಿ ಸುತ್ತ ಇರ್ತದೆ. ಡಬ್ಬಿಯಲ್ಲಿರೋ ಹಿಟ್ಟೇ 36 ಡಿಗ್ರಿ. ಇನ್ನು ನಾದುವಾಗ ಬ್ಲೇಡಿನ ತಿಕ್ಕಾಟದಿಂದ, ಮೋಟರಿನ ಕಾವಿನಿಂದ ಇನ್ನೊಂದು 8–10 ಡಿಗ್ರಿ ಏರ್ತದೆ.

ಲೆಕ್ಕ ಹಾಕಿ ನೋಡ್ರಿ. ಕಾವು ಹಿಡಿಯೋದರಲ್ಲಿ ಹಿಟ್ಟಿಗೆ ನೀರಿನ ಅರ್ಧದಷ್ಟೂ ಶಕ್ತಿ ಇಲ್ಲ. 400 ಗ್ರಾಂ ಹಿಟ್ಟು ಅಂದ್ರೆ ಸುಮಾರು 180 ಗ್ರಾಂ ನೀರಿಗೆ ಸಮ. ಅದಕ್ಕೆ 36 ಡಿಗ್ರಿಯ 400 ಗ್ರಾಂ ಹಿಟ್ಟಿಗೆ 40 ಡಿಗ್ರಿಯ 250 ಗ್ರಾಂ ನೀರು ಹಾಕಿದ್ರೆ ಕಲಸಿದಾಗ 38 ಡಿಗ್ರಿ, ನಾದಿದ ಮೇಲೆ 46ರ ಹತ್ತಿರ. ಅದೇ ಹಿಟ್ಟಿಗೆ ಫ್ರಿಜ್ಜಿನ 6 ಡಿಗ್ರಿ ನೀರು ಹಾಕಿದ್ರೆ ಕಲಸಿದಾಗ 18–19, ನಾದಿದ ಮೇಲೆ 27–28. ನಾದಿ ಮುಗಿದಾಗ ಹಿಟ್ಟು 26ರಿಂದ 28 ಡಿಗ್ರಿ ಇರಬೇಕು. ಹಿಟ್ಟಿನ ಕಾವು ನಿಮ್ಮ ಕೈಯಲ್ಲಿಲ್ಲ, ಊರಿನ ಬಿಸಿಲು ಅಂತೂ ಇಲ್ಲವೇ ಇಲ್ಲ, ನೀರಿನದು ಮಾತ್ರ ಇದೆ.

ಕಾವು ಹೆಚ್ಚಾದ್ರೆ ಕುಸಿಯೋದು ಯಾಕೆ? ಮಶಿನ್ನಿಗೆ ಗಡಿಯಾರ ಗೊತ್ತು, ಹಿಟ್ಟು ಗೊತ್ತಿಲ್ಲ. ಕೊನೆಯ ಉಬ್ಬಿಗೆ ಪ್ರೋಗ್ರಾಂನಲ್ಲಿ ಒಂದು ತಾಸು ಅಂತ ಬರೆದಿದ್ರೆ ಒಂದು ತಾಸು ಕಾದೇ ತೀರ್ತದೆ. ಬೆಚ್ಚಗಿನ ಹಿಟ್ಟಿನಲ್ಲಿ ಈಸ್ಟ್ ಅರ್ಧ ತಾಸಿಗೇ ಕೆಲಸ ಮುಗಿಸಿಬಿಡ್ತದೆ. ಉಳಿದ ಹೊತ್ತು ಗಾಳಿ ತುಂಬ್ತಾನೇ ಹೋಗಿ ಗ್ಲುಟೆನ್ನಿನ (ಗೋಧಿಯ ಅಂಟು ಪ್ರೋಟೀನ್) ಜಾಲ ತನ್ನ ಮಿತಿ ಮೀರಿ ಎಳೆದುಕೊಂಡಿರ್ತದೆ. ಹೀಟರ್ ಹತ್ತಿದಾಗ ಒಳಗಿನ ಗಾಳಿ ಹಿಗ್ಗಿ, ಆ ತೆಳು ಗೋಡೆ ಹರಿದು, ನಡುವೆ ತಗ್ಗು. ಮಶಿನ್ ಬದಲಿಸಿದ್ರೆ ಹೊಸದೂ ಇದೇ ಗಡಿಯಾರ ನೋಡ್ತದೆ.

ಹಾಗಾಗಿ ಮಾರ್ಚ್‌ನಿಂದ ಜೂನ್ ತನಕ ನೀರು ಹಿಂದಿನ ರಾತ್ರಿಯೇ ಫ್ರಿಜ್ಜಿಗೆ ಹೋಗಬೇಕು. ಅಡುಗೆಮನೆ 40 ದಾಟಿದ ದಿನ 235 ಗ್ರಾಂ ತಣ್ಣೀರು, 15 ಗ್ರಾಂ ಬರ್ಫ್, ಎರಡೂ ಸೇರಿ 250. ಬರ್ಫನ್ನ ಪುಡಿ ಮಾಡಿ ಹಾಕ್ರಿ, ಇಡೀ ತುಂಡು ಬ್ಲೇಡಿಗೆ ಸಿಕ್ಕು ಪಾತ್ರೆಯ ನಾನ್‌ಸ್ಟಿಕ್ ಲೇಪ ಕಿತ್ತುಹಾಕ್ತದೆ. ಹೊಸ ಮಶಿನ್ ಬದಲಿಗೆ ಕಡ್ಡಿ ಚುಚ್ಚೋ ಥರ್ಮಾಮೀಟರ್ ಒಂದು, ಗ್ರಾಂ ತೂಗೋ ತಕ್ಕಡಿ ಒಂದು ತಗೊಳ್ರಿ. ಕಪ್ಪಿನ ಅಳತೆ ನಂಬಬೇಡ್ರಿ. ಸಡಿಲ ತುಂಬಿದ್ರೆ ಒಂದು ಕಪ್ ಮೈದಾ 120 ಗ್ರಾಂ, ಒತ್ತಿ ತುಂಬಿದ್ರೆ 150. ಮೂರು ಕಪ್ಪಿಗೆ 90 ಗ್ರಾಂ ಫರಕು ಬಿತ್ತು ಅಂದ್ರೆ ಯಾವ ಪಾಕವಿಧಾನವೂ ನಿಲ್ಲಲ್ಲ.

ಅಳತೆ ಇದು: ಮೈದಾ 400 ಗ್ರಾಂ, ನೀರು 250, ಸಕ್ಕರೆ 16, ಉಪ್ಪು 7, ಹಾಲಿನ ಪುಡಿ 15, ಎಣ್ಣೆ ಅಥವಾ ಬೆಣ್ಣೆ 20. ಇನ್‌ಸ್ಟಂಟ್ ಈಸ್ಟ್ ಚಳಿಗಾಲಕ್ಕೆ 4 ಗ್ರಾಂ, ಬೇಸಿಗೆಗೆ 2ರಿಂದ 2.5. ಉಪ್ಪು ಕಡಿಮೆ ಮಾಡಬೇಡ್ರಿ, ಈಸ್ಟಿಗೆ ಲಗಾಮು ಅದೇ. ಮೊದಲು ನೀರು, ಎಣ್ಣೆ, ಉಪ್ಪು, ಸಕ್ಕರೆ, ಹಾಲಿನ ಪುಡಿ, ಮೇಲೆ ಹಿಟ್ಟು, ಹಿಟ್ಟಿನ ನೆತ್ತಿಯಲ್ಲಿ ಸಣ್ಣ ಗುಣಿ ಮಾಡಿ ಈಸ್ಟ್. ಮೈದಾ ಪ್ಯಾಕೆಟ್ ಹಿಂದೆ 100 ಗ್ರಾಂಗೆ ಪ್ರೋಟೀನ್ 10 ಗ್ರಾಂ ಅಥವಾ ಮೇಲಿದ್ರೆ ಸಾಕು. ಅದಕ್ಕಿಂತ ಕಡಿಮೆ ಇದ್ರೆ 10 ಗ್ರಾಂ ಗ್ಲುಟೆನ್ ಪುಡಿ ಸೇರಿಸ್ರಿ, ನೀರು 12–15 ಗ್ರಾಂ ಹೆಚ್ಚು ಮಾಡ್ರಿ. ಹೊರದೇಶದ ಹಿಟ್ಟಿನ ಮಾತು ಇಲ್ಲಿಗೇ ಮುಗೀತು.

ನಾದೋಕೆ ಶುರುವಾದ ಆರೇಳು ನಿಮಿಷಕ್ಕೆ ಮುಚ್ಚಳ ತೆಗೆದು ನೋಡ್ರಿ, ಏನೂ ಆಗಲ್ಲ. ಚಪಾತಿ ಹಿಟ್ಟಿಗಿಂತ ಮೆತ್ತಗೆ, ಹೋಳಿಗೆ ಕಣಕಕ್ಕಿಂತ ಗಟ್ಟಿ, ಪಾತ್ರೆಯ ಗೋಡೆ ಬಿಟ್ಟು ತಳಕ್ಕೆ ಮಾತ್ರ ಸ್ವಲ್ಪ ಅಂಟಿರೋ ಉಂಡೆ ಇರಬೇಕು. ಕಡಿಮೆಯಾದ್ರೆ ಒಂದು ಚಮಚ ನೀರು, ಜಾಸ್ತಿಯಾದ್ರೆ ಒಂದು ಚಮಚ ಹಿಟ್ಟು, ಒಂದು ನಿಮಿಷ ಬಿಟ್ಟು ಮತ್ತೆ ನೋಡೋದು. ಬೆಂದ ಮೇಲೆ ನೆತ್ತಿ ಗಂಟುಗಂಟಾಗಿದ್ರೆ ನೀರು ಕಡಿಮೆಯಾಗಿತ್ತು ಅಂತ ತಿಳೀರಿ.

ಗಿರಣಿಯ ಗೋಧಿ ಹಿಟ್ಟಿನದು ಬೇರೆ ಕಥೆ. ಕಲ್ಲಲ್ಲಿ ಬೀಸಿದ್ದು ನೀರು ಹೆಚ್ಚು ಕುಡೀತದೆ, ನಿಧಾನ ಕುಡೀತದೆ, ಅದರ ತೌಡು ಗ್ಲುಟೆನ್ ಎಳೆಗಳನ್ನ ಕತ್ತರಿಸ್ತದೆ. ಅರ್ಧ ಮೈದಾ ಅರ್ಧ ಗೋಧಿ ಆದ್ರೆ ನೀರು 285 ಗ್ರಾಂ. ಈಸ್ಟ್, ಉಪ್ಪು ಹಾಕದೆ ಮೂರು ನಿಮಿಷ ನಾದಿಸಿ ಮಶಿನ್ ನಿಲ್ಲಿಸ್ರಿ. ಪಾತ್ರೆ ಸಮೇತ ಅರ್ಧ ತಾಸು ಫ್ರಿಜ್ಜಿನಲ್ಲಿಟ್ಟು, ಆಮೇಲೆ ಅವೆರಡನ್ನ ಹಾಕಿ ಹೊಸದಾಗಿ ಶುರು ಮಾಡ್ರಿ. ಪೂರ್ತಿ ಗೋಧಿಯಲ್ಲಿ ಬೇಕರಿ ಥರ ಎತ್ತರ ಬೇಕು ಅನ್ನೋ ಆಸೆ ಬಿಡ್ರಿ.

ಇನ್ನು ಜೋಳ ಹಾಕಬಹುದಾ ಅನ್ನೋ ಪ್ರಶ್ನೆ. ಜೋಳದಲ್ಲಿ ಗ್ಲುಟೆನ್ ಇಲ್ಲ, ಹಸಿ ಹಿಟ್ಟು ಹಾಕಿದ್ರೆ ಬ್ರೆಡ್ ಪುಡಿಪುಡಿ ಆಗ್ತದೆ. ರೊಟ್ಟಿಗೆ ಎಸರಿಡೋ ಹಾಗೇ ಇಲ್ಲೂ ಮಾಡ್ರಿ: 60 ಗ್ರಾಂ ಜೋಳದ ಹಿಟ್ಟಿಗೆ ಕುದಿಯೋ ನೀರು 90 ಗ್ರಾಂ ಹಾಕಿ ಮಗುಚಿ, ಪೂರ್ತಿ ಆರಿಸಿ, ಫ್ರಿಜ್ಜಿನಲ್ಲಿ ತಣ್ಣಗೆ ಮಾಡಿ, 340 ಗ್ರಾಂ ಮೈದಾ ಜೊತೆ ಹಾಕ್ರಿ. ಪಾತ್ರೆಗೆ ಬೇರೆ ನೀರು ಮೊದಲು 165 ಗ್ರಾಂ ಹಾಕಿ, ಉಂಡೆ ನೋಡಿ ಹೆಚ್ಚಿಸ್ರಿ. ಎಸರಿನಲ್ಲಿ ಬೆಂದ ಪಿಷ್ಟ ನೀರು ಹಿಡಿದಿಟ್ಟುಕೊಳ್ತದೆ, ಬ್ರೆಡ್ ಮರುದಿನಕ್ಕೂ ಮೆತ್ತಗಿರ್ತದೆ. 60 ಗ್ರಾಂ ದಾಟಬೇಡ್ರಿ.

ಇಷ್ಟೆಲ್ಲ ಮಾಡಿಯೂ ಹಿಟ್ಟು 30 ಡಿಗ್ರಿ ತೋರಿಸಿತು ಅಂದ್ರೆ ಗಡಿಯಾರವನ್ನ ನೀವೇ ಕೈಗೆ ತಗೊಳ್ರಿ. ಬರೇ ನಾದೋ ಪ್ರೋಗ್ರಾಂ ಓಡಿಸಿ, ಗಾಳಿ ಇಳಿಸಿ, ಬ್ಲೇಡ್ ತೆಗೆದು, ಹಿಟ್ಟನ್ನ ಸುರುಳಿ ಸುತ್ತಿ ಅದೇ ಪಾತ್ರೆಯಲ್ಲಿಡ್ರಿ. ಅಂಚಿಗೆ ಒಂದು ಇಂಚು ಕಡಿಮೆ ಬಂದ ತಕ್ಷಣ ಬರೇ ಬೇಯಿಸೋ ಪ್ರೋಗ್ರಾಂ ಹಾಕ್ರಿ. ಬ್ರೆಡ್ ತಳದಲ್ಲಿ ಬ್ಲೇಡಿನಿಂದ ಬೀಳೋ ತೂತೂ ಚಿಕ್ಕದಾಗ್ತದೆ. ರಾತ್ರಿ ಟೈಮರ್ ಇಟ್ಟು ಬೆಳಿಗ್ಗೆ ಬ್ರೆಡ್ ಅನ್ನೋದು ಬೇಸಿಗೆಯಲ್ಲಿ ಬೇಡವೇ ಬೇಡ. ಆರು ತಾಸಿನಲ್ಲಿ ತಣ್ಣೀರೂ ಬೆಚ್ಚಗಾಗ್ತದೆ, ಹಸಿ ಹಾಲು ಹಾಕಿದ್ರೆ ಒಡೀತದೆ. ಬೆಳಗಿನ ಐದಕ್ಕೆ ಶುರು ಮಾಡೋದೇ ಚಲೋ.

ಕರೆಂಟ್ ಹೋದ್ರೆ ನಿಮ್ಮ ಮಶಿನ್ ಎಷ್ಟು ನಿಮಿಷ ನೆನಪಿಟ್ಟುಕೊಳ್ತದೆ ಅಂತ ಪುಸ್ತಕದಲ್ಲಿ ನೋಡಿಟ್ಕೊಳ್ರಿ. ನಾದುವಾಗ ಹೋದ್ರೆ ಮತ್ತೆ ಶುರು ಮಾಡಿದ್ರಾಯಿತು. ಉಬ್ಬುವಾಗ ಹೋದ್ರೆ ಪಾತ್ರೆ ಹೊರಗೆ ತೆಗೆದು ಒದ್ದೆ ಬಟ್ಟೆ ಮುಚ್ಚಿಡ್ರಿ, ಕರೆಂಟ್ ಬಂದ ಮೇಲೆ ಬರೇ ಬೇಯಿಸ್ರಿ. ಬಹಳ ಹೊತ್ತು ಬರಲ್ಲ ಅಂತ ಅನಿಸಿದ್ರೆ ಗಾಳಿ ಇಳಿಸಿ ಫ್ರಿಜ್ಜಿಗೆ ಹಾಕ್ರಿ.

ಬೆಂದಾಗ ಒಳಗೆ 93–96 ಡಿಗ್ರಿ ಇರಬೇಕು. ಬೀಪ್ ಕೇಳಿದ ಹತ್ತು ನಿಮಿಷದೊಳಗೆ ಪಾತ್ರೆಯಿಂದ ತೆಗೀರಿ, ಬೆಚ್ಚಗಿಡೋ ಹೊತ್ತಿನಲ್ಲಿ ಬಿಟ್ಟರೆ ಬದಿಗಳು ಬೆವರಿ ಒಳಕ್ಕೆ ಕುಗ್ಗುತ್ತವೆ. ಜಾಳಿಗೆ ಮೇಲೆ ಒಂದೂವರೆ ತಾಸು ಆರಿದ ಮೇಲೆ ಕೊಯ್ರಿ. ಬಿಚ್ಚಿದ ಈಸ್ಟ್ ಪ್ಯಾಕೆಟ್ ಗಾಳಿಯಾಡದ ಡಬ್ಬಿಯಲ್ಲಿ ಫ್ರೀಜರಿಗೆ. ಬ್ರೆಡ್ ಉಳಿದ್ರೆ ಅದೂ ಹೋಳು ಮಾಡಿ ಫ್ರೀಜರಿಗೇ, ಫ್ರಿಜ್ಜಿನ ಕೆಳಗಿನ ಭಾಗದಲ್ಲಿಟ್ಟರೆ ಹೊರಗಿಗಿಂತ ಬೇಗ ಬಿರುಸಾಗ್ತದೆ.