ಎಲೆಕ್ಷನ್ ಬಗ್ಗೆ ಕೇಳಿದ್ಯಲ್ಲ, ಹೇಳ್ತೀನಿ ಕೇಳು

ನೀನು ಅಮೆರಿಕಕ್ಕೆ, ನಮ್ಮ ನಾರ್ತ್ ಕ್ಯಾರೊಲೈನಾ ಸ್ಟೇಟಿಗೆ, ಬಂದು ಇನ್ನೂ ಮೂರು ತಿಂಗಳು ಅಂದೆ. ಮಾರಿಸ್‌ವಿಲ್‌ನಲ್ಲಿ ಮನೆ, ಎಚ್1ಬಿ, ಆಫೀಸಲ್ಲಿ ಊಟದ ಹೊತ್ತಿಗೆ ಒಬ್ಬ 2020ರ ಎಲೆಕ್ಷನ್ ಕದ್ದುಬಿಟ್ರು ಅಂತಾನೆ, ಪಕ್ಕದಲ್ಲಿ ಕೂತಿದ್ದವಳು ಡಬ್ಬಿ ಮುಚ್ಚಿಕೊಂಡು ಎದ್ದು ಹೋಗ್ತಾಳೆ, ನಿಂಗೆ ಯಾರ ಮುಖ ನೋಡ್ಬೇಕು ಗೊತ್ತಾಗಲ್ಲ. "ಅಕ್ಕಾ, ಇಲ್ಲೂ ಎಲ್ಲ ಕಳ್ಳರೇ ತಾನೆ, ನಮ್ಮ ಪಾಡಿಗೆ ನಾವು ದುಡ್ಕೊಂಡು ಸುಮ್ನಿದ್ರೆ ಸಾಕಲ್ವಾ" ಅಂತ ಕೇಳಿದೀಯ. ಇನ್ಶೂರೆನ್ಸು, ಸೋನಾ ಮಸೂರಿ ಎಲ್ಲಿ ಸಿಗುತ್ತೆ ಅನ್ನೋದೆಲ್ಲ ಯಾರು ಬೇಕಾದ್ರೂ ಹೇಳ್ತಾರಪ್ಪ, ಇದನ್ನ ಮಾತ್ರ ನಾನೇ ಹೇಳ್ತೀನಿ, ಯಾಕಂದ್ರೆ 2016ರಿಂದ ಇಲ್ಲಿ ಕ್ಯಾರಿಯಲ್ಲಿ ಎಲೆಕ್ಷನ್ ದಿನ ಬೂತಲ್ಲಿ ಕೂತು ಕೆಲಸ ಮಾಡೋಳು ನಾನು.

ಮೊದಲು ನಿನ್ನ ತಲೆ ಮೇಲೆ ಬರೋ ವಿಷಯ ಹೇಳಿಬಿಡ್ತೀನಿ. ಲೈಸೆನ್ಸ್ ಮಾಡಿಸೋಕೆ ಡಿಎಂವಿಗೆ ಹೋದಾಗ ವೋಟರ್ ರಿಜಿಸ್ಟ್ರೇಷನ್ ಬೇಕಾ ಅಂತ ಕೇಳೋ ಸಾಧ್ಯತೆ ಇದೆ. ಬೇಡ ಅನ್ನು. ಸಿಟಿಜನ್ ಅಲ್ಲದೋರು ಅದಕ್ಕೆ ಹೂಂ ಅಂದು ಸೈನ್ ಹಾಕಿದ್ರೆ ಅದು ಅಪರಾಧ, ನಾಳೆ ಗ್ರೀನ್ ಕಾರ್ಡಿಗೆ ಕಲ್ಲು ಬೀಳುತ್ತೆ, ದೇಶ ಬಿಟ್ಟು ಹೋಗೋ ಪರಿಸ್ಥಿತಿನೂ ಬರಬಹುದು, ಗೊತ್ತಿಲ್ದೆ ಮಾಡಿದೆ ಅಂದ್ರೂ ಬಿಡಿಸ್ಕೊಳ್ಳೋದು ಕಷ್ಟ. ಹಾಗೇ ಯಾವ ಕ್ಯಾಂಡಿಡೇಟಿಗೂ ದುಡ್ಡು ಕೊಡಬೇಡ, ಐದು ಡಾಲರ್ ಕೂಡ, ಗ್ರೀನ್ ಕಾರ್ಡ್ ಬರೋ ತನಕ ಅದಕ್ಕೂ ಅವಕಾಶ ಇಲ್ಲ.

ಈಗ ಕಳ್ಳರ ವಿಷಯ. ನಾನು ಬಂದಿದ್ದು 2000ದ ಆಗಸ್ಟಲ್ಲಿ, ನಿನ್ನ ಹಾಗೇ ಮೂರು ತಿಂಗಳಾಗಿತ್ತು, ನವೆಂಬರಲ್ಲಿ ರಿಪಬ್ಲಿಕನ್ ಬುಷ್, ಡೆಮಾಕ್ರಟ್ ಗೋರ್ ನಡುವೆ ಪ್ರೆಸಿಡೆಂಟ್ ಎಲೆಕ್ಷನ್ ಬಂತು. ಇಡೀ ದೇಶ ಫ್ಲೋರಿಡಾ ಒಂದರ ಮೇಲೆ ನಿಂತುಬಿಡ್ತು. ಟಿವಿಲಿ ದಿನಾ ಅದೇ, ಆಫೀಸರುಗಳು ತೂತು ಹೊಡೆದ ಕಾರ್ಡನ್ನ ಬೆಳಕಿಗೆ ಹಿಡ್ಕೊಂಡು ಕಣ್ಣು ಕಿರಿದು ಮಾಡಿ ನೋಡೋದು, ಆ ಕಾಗದದ ಚೂರು ಪೂರ್ತಿ ಬಿದ್ದಿದ್ಯಾ, ಒಂದು ಮೂಲೇಲಿ ನೇತಾಡ್ತಿದ್ಯಾ, ಬರೀ ಉಬ್ಬಿದ್ಯಾ ಅಂತ. ಪಾಮ್ ಬೀಚ್ ಕೌಂಟಿಲಿ, ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಥರ, ಬ್ಯಾಲೆಟ್ಟನ್ನ ಎರಡು ಕಡೆ ಹೆಸರು ಮಧ್ಯೆ ತೂತು ಬರೋ ಹಾಗೆ ಛಾಪಿಸಿದ್ರು, ಗೋರ್‌ಗೆ ಹಾಕ್ಬೇಕು ಅಂತಿದ್ದ ಎಷ್ಟೋ ಜನ ವಯಸ್ಸಾದವರು ಮೂರನೇ ಪಾರ್ಟಿಯ ಬುಕಾನನ್‌ಗೆ ಹೊಡೆದು ಬಂದ್ರು. ಶಿವಮೊಗ್ಗದಿಂದ ಅಪ್ಪ, ನಾನು ಕಾಲಿಂಗ್ ಕಾರ್ಡ್ ಉಜ್ಜಿ ಫೋನ್ ಮಾಡಿದಾಗಲೆಲ್ಲ, "ಇನ್ನೂ ಎಣಿಸ್ತಾನೇ ಇದಾರೇನೇ?" ಅಂತ ಕೇಳೋರು. ಅವರು ಹೈಸ್ಕೂಲ್ ಮೇಷ್ಟ್ರು, ಎಷ್ಟು ಎಲೆಕ್ಷನ್ ಡ್ಯೂಟಿ ಮಾಡಿದಾರೋ ಲೆಕ್ಕ ಇಲ್ಲ, ಮಸ್ಟರಿಂಗ್ ದಿನ ತಾಲ್ಲೂಕು ಆಫೀಸಿಗೆ ಹೋಗಿ ಪೆಟ್ಟಿಗೆ ತಗೊಂಡು, ರಾತ್ರಿ ಯಾವುದೋ ಹಳ್ಳಿ ಸ್ಕೂಲಲ್ಲಿ ಬೆಂಚಿನ ಮೇಲೆ ಮಲಗಿ, ಮಾರನೇ ದಿನ ಸಂಜೆ ಅರಗಿನ ಸೀಲ್ ಹಾಕಿಸಿ ಬರೋರು. ಸೀಲ್ ಹಾಕುವಾಗ ಬೆರಳಿಗೆ ಅರಗು ಬಿದ್ದು ಆದ ಕಲೆ ಕೊನೇ ತನಕ ಇತ್ತು.

ಫ್ಲೋರಿಡಾದ ಆ ಎಲೆಕ್ಷನ್ ನಡೆಸಿದ ಸೆಕ್ರೆಟರಿ ಆಫ್ ಸ್ಟೇಟ್ ಕ್ಯಾಥರಿನ್ ಹ್ಯಾರಿಸ್, ಅವರೇ ಆ ರಾಜ್ಯದಲ್ಲಿ ಬುಷ್ ಪ್ರಚಾರಕ್ಕೆ ಕೋ-ಚೇರ್, ಗವರ್ನರ್ರು ಬುಷ್ ತಮ್ಮ ಜೆಬ್. ನಂಗೆ ನಂಬೋಕೇ ಆಗಿರಲಿಲ್ಲ, ನಮ್ಮಲ್ಲಿ ಚುನಾವಣಾ ಆಯೋಗ ಅಂತ ಒಂದಿದೆ, ಕೋಡ್ ಆಫ್ ಕಂಡಕ್ಟ್ ಬಂದ್ರೆ ಮಂತ್ರಿ ಸರ್ಕಾರಿ ಕಾರ್ ಇಟ್ಟು ಹೋಗ್ಬೇಕು, ಇಲ್ಲಿ ಅಂಥಾದ್ದೇ ಇಲ್ಲ, ಪ್ರತಿ ಸ್ಟೇಟ್ ತನ್ನ ಕಾನೂನು, ಪ್ರತಿ ಕೌಂಟಿ ತನ್ನ ಎಣಿಕೆ, ನಮ್ಮ ನಾರ್ತ್ ಕ್ಯಾರೊಲೈನಾ ಒಂದರಲ್ಲೇ 100 ಕೌಂಟಿ. ಡಿಸೆಂಬರ್ 12ಕ್ಕೆ ಸುಪ್ರೀಂ ಕೋರ್ಟು 5–4ರಲ್ಲಿ ಮರು ಎಣಿಕೆ ನಿಲ್ಲಿಸ್ತು, ಫ್ಲೋರಿಡಾದಲ್ಲಿ ಬುಷ್ ಮುಂದಿದ್ದ 537 ವೋಟಿನ ಅಂತರ ಹಾಗೇ ಉಳೀತು. ದೇಶದಲ್ಲಿ ಒಟ್ಟು ಲೆಕ್ಕಕ್ಕೆ ಗೋರ್‌ಗೆ ಐದು ಲಕ್ಷಕ್ಕೂ ಜಾಸ್ತಿ ವೋಟು ಹೆಚ್ಚಿತ್ತು, ಆದ್ರೆ ಇಲ್ಲಿ ಪ್ರೆಸಿಡೆಂಟ್ ಗೆಲುವು ಸ್ಟೇಟ್ ಲೆಕ್ಕದಲ್ಲಿ. ನಿಲ್ಲಿಸಿದ್ದು ತಪ್ಪು ಅಂತ ನಾನು ಇವತ್ತಿಗೂ ಹೇಳ್ತೀನಿ. ಆದ್ರೆ ಮಾರನೇ ದಿನ ಗೋರ್ ಟಿವಿಗೆ ಬಂದು, ತೀರ್ಪು ಒಪ್ಪಲ್ಲ ಆದ್ರೆ ಸ್ವೀಕರಿಸ್ತೀನಿ ಅಂತ ಹೇಳಿ ಕೂತ್ಕೊಂಡ್ರು. 2001ರ ಜನವರಿ 6ಕ್ಕೆ ವೈಸ್ ಪ್ರೆಸಿಡೆಂಟ್ ಆಗಿ ಕಾಂಗ್ರೆಸ್ಸಲ್ಲಿ, ಅಂದ್ರೆ ಇಲ್ಲಿನ ಪಾರ್ಲಿಮೆಂಟಲ್ಲಿ, ತನ್ನ ಸೋಲನ್ನ ತಾನೇ ಓದಬೇಕಾಗಿತ್ತು, ಅವರದೇ ಪಾರ್ಟಿಯ ಸದಸ್ಯರು ಒಬ್ಬೊಬ್ಬರಾಗಿ ಎದ್ದು ಆಕ್ಷೇಪ ಎತ್ತಿದ್ರು, ನಿಯಮದ ಪ್ರಕಾರ ಬೇಕಾದ ಒಬ್ಬ ಸೆನೆಟರ್ ಸೈನ್ ಕೂಡ ಇರಲಿಲ್ಲ, ಗೋರ್ ಸುತ್ತಿಗೆ ಬಡಿದು ಅವರನ್ನ ಕೂರಿಸಿದ್ರು. ಆ ಜನವರಿ 6 ಯಾರಿಗೂ ನೆನಪಿಲ್ಲ, 20 ವರ್ಷ ಆದ್ಮೇಲೆ ಟ್ರಂಪ್ ಕಡೆಯವರು ಕ್ಯಾಪಿಟಲ್‌ಗೆ, ಅಂದ್ರೆ ಪಾರ್ಲಿಮೆಂಟ್ ಕಟ್ಟಡಕ್ಕೆ, ನುಗ್ಗಿದ ಜನವರಿ 6 ಮಾತ್ರ ಎಲ್ಲರಿಗೂ ಗೊತ್ತು.

ನನ್ನ ಮಟ್ಟಿಗೆ ಒಬ್ಬ ರಾಜಕಾರಣಿನ ಅಳೆಯೋ ಅಳತೆ ಅವತ್ತೇ ಸಿಕ್ತು. ಭಾಷಣ, ಟ್ಯಾಕ್ಸು, ವೀಸಾ ಬಗ್ಗೆ ಏನಂದ ಅನ್ನೋದೆಲ್ಲ ಆಮೇಲೆ. ಸೋತ ದಿನ ಏನ್ ಮಾಡ್ದ, ತನ್ನ ಕಡೆಯವರು ಮೋಸ ಮಾಡಿದಾಗ ಏನ್ ಮಾಡ್ದ, ಇವೆರಡು ನೋಡ್ತೀನಿ.

ಟ್ರಂಪ್ ಆ ಪರೀಕ್ಷೆಲಿ ಫೇಲು, ಇದನ್ನ ಸುತ್ತಿ ಬಳಸಿ ಹೇಳೋಕೆ ನಂಗೆ ಬರಲ್ಲ. 2020ರಲ್ಲಿ ಬೈಡನ್ ಎದುರು ಸೋತ ಮೇಲೆ ಅವರ ಕಡೆಯವರೂ ಸೇರಿ 60ಕ್ಕೂ ಹೆಚ್ಚು ಕೇಸ್ ಹಾಕಿದ್ರು, ಫಲಿತಾಂಶ ಎಲ್ಲೂ ಬದಲಾಗಲಿಲ್ಲ. ಜಾರ್ಜಿಯಾದಲ್ಲಿ ಪ್ರೆಸಿಡೆಂಟ್ ವೋಟನ್ನ ಮೂರು ಸಲ ಎಣಿಸಿದ್ರು, ಒಂದು ಸಲ ಅಷ್ಟೂ ಬ್ಯಾಲೆಟ್ ಕೈಯಲ್ಲೇ. ಬೈಡನ್ 11,779 ವೋಟಿಂದ ಗೆದ್ದಿದ್ದು. 2021ರ ಜನವರಿ 2ಕ್ಕೆ ಅಲ್ಲಿನ ಸೆಕ್ರೆಟರಿ ಆಫ್ ಸ್ಟೇಟ್ ಬ್ರ್ಯಾಡ್ ರಾಫೆನ್ಸ್‌ಪರ್ಗರ್‌ಗೆ ಫೋನ್ ಮಾಡಿ 11,780 ವೋಟು ಹುಡುಕಿಕೊಡಿ ಅಂದ್ರಲ್ಲ, ಆ ರೆಕಾರ್ಡಿಂಗ್ ನೀನೇ ಕೇಳು. ರಾಫೆನ್ಸ್‌ಪರ್ಗರ್ ರಿಪಬ್ಲಿಕನ್, ಟ್ರಂಪ್‌ಗೇ ವೋಟ್ ಹಾಕಿದ ಮನುಷ್ಯ, ಆಗಲ್ಲ ಅಂದ್ರು. ಕಾಂಗ್ರೆಸ್ಸಲ್ಲಿ ಬೈಡನ್ ಗೆಲುವನ್ನ ತಡೀಬೇಕು ಅಂದಾಗ ಟ್ರಂಪ್ ಜೊತೆಗಿದ್ದ ವೈಸ್ ಪ್ರೆಸಿಡೆಂಟ್ ಮೈಕ್ ಪೆನ್ಸ್ ಆಗಲ್ಲ ಅಂದ್ರು.

ಇವರೆಲ್ಲ ದೊಡ್ಡವರು, ಅವರಿಗೆ ಸೆಕ್ಯೂರಿಟಿ ಇರುತ್ತೆ. ನಂಗೆ ಇವತ್ತಿಗೂ ಹೊಟ್ಟೆ ಉರಿಯೋದು ಅಟ್ಲಾಂಟಾದ ಆ ಅಮ್ಮ ಮಗಳ ವಿಷಯಕ್ಕೆ. ರೂಬಿ ಫ್ರೀಮನ್, ಶೇ ಮಾಸ್. ಎಣಿಕೆ ಕೇಂದ್ರದಲ್ಲಿ ನನ್ನ ಥರ ಕೂತು ಕೆಲಸ ಮಾಡಿದವರು. ಅಮ್ಮ ಮಗಳ ಕೈಗೆ ಏನೋ ಕೊಟ್ಟಿದ್ದು ಕ್ಯಾಮೆರಾದಲ್ಲಿತ್ತು, ಅದನ್ನ ಟ್ರಂಪ್ ವಕೀಲ ರೂಡಿ ಜೂಲಿಯಾನಿ ಯುಎಸ್‌ಬಿ ಅಂತ ಊರೆಲ್ಲ ಸಾರಿದ್ರು. ಅದು ಶುಂಠಿ ಪೆಪ್ಪರ್‌ಮಿಂಟ್. ಮಗಳೇ 2022ರಲ್ಲಿ ಕಾಂಗ್ರೆಸ್ ಕಮಿಟಿ ಮುಂದೆ ಕೂತು ಹೇಳಿದ್ದು. ಅಷ್ಟರಲ್ಲಿ ಬೆದರಿಕೆ ಬಂದು ಬಂದು ಅಮ್ಮ ಮನೆ ಬಿಟ್ಟು ಹೋಗಬೇಕಾಗಿತ್ತು. 2023ರಲ್ಲಿ ಜ್ಯೂರಿ, ಜೂಲಿಯಾನಿ ಇವರಿಗೆ 148 ಮಿಲಿಯನ್ ಡಾಲರ್ ಪರಿಹಾರ ಕೊಡ್ಬೇಕು ಅಂತ ತೀರ್ಪು ಕೊಡ್ತು, ಅದು ಬಂದ್ರೂ ಹೋದ ನೆಮ್ಮದಿ ಬರುತ್ತಾ. ಕ್ಯಾಪಿಟಲ್‌ಗೆ ನುಗ್ಗಿ ಪೊಲೀಸರನ್ನ ಹೊಡೆದವರೂ ಸೇರಿ ಸುಮಾರು 1500 ಜನಕ್ಕೆ 2025ರ ಜನವರಿ 20ಕ್ಕೆ, ಟ್ರಂಪ್ ಮತ್ತೆ ಅಧಿಕಾರ ತಗೊಂಡ ದಿನಾನೇ, ಕ್ಷಮಾದಾನ.

ಇಷ್ಟು ಓದಿ ಅಕ್ಕ ಒಂದು ಪಾರ್ಟಿ ಅಂದ್ಕೋಬೇಡ. ನಾನು ಡೆಮಾಕ್ರಟ್ ಅಂತ ರಿಜಿಸ್ಟರ್ ಆಗಿರೋದು ಹೌದು. ಬೈಡನ್ ಮಗನಿಗೆ ಕ್ಷಮಾದಾನ ಕೊಡಲ್ಲ ಅಂತ ಮತ್ತೆ ಮತ್ತೆ ಹೇಳಿ 2024ರ ಡಿಸೆಂಬರ್ 1ಕ್ಕೆ ಕೊಟ್ಟುಬಿಟ್ರಲ್ಲ, ಅವತ್ತು ನಮ್ಮ ಮನೇಲಿ ದೊಡ್ಡ ಜಗಳ ಆಯ್ತು, ನನ್ನ ಯಜಮಾನರು ಅಪ್ಪ ಅಂದ್ಮೇಲೆ ಅಷ್ಟೂ ಮಾಡಲ್ವಾ ಅಂದ್ರು, ನಾನು ಅಪ್ಪ ಆಗಿದ್ದಕ್ಕಲ್ಲ ಆ ಕುರ್ಚಿ ಕೊಟ್ಟಿದ್ದು ಅಂದೆ. ಕ್ಷೇತ್ರದ ಗಡಿ ತಮಗೆ ಬೇಕಾದ ಹಾಗೆ ಎಳ್ಕೊಳ್ಳೋದರಲ್ಲೂ ಅಷ್ಟೇ, ನಮ್ಮ ಸ್ಟೇಟಲ್ಲಿ 2016ರಲ್ಲಿ 13 ಸೀಟಲ್ಲಿ 10 ತಮಗೇ ಬರೋ ಹಾಗೆ ನಕ್ಷೆ ಮಾಡಿ ಅದನ್ನ ಬಾಯಿಬಿಟ್ಟು ಹೇಳಿದ್ದು ರಿಪಬ್ಲಿಕನ್ನರು, ಇಲಿನಾಯ್, ಮೇರಿಲ್ಯಾಂಡಲ್ಲಿ ಅದೇ ಕೆಲಸ ಡೆಮಾಕ್ರಟರದ್ದು. 2019ರಲ್ಲಿ ಸುಪ್ರೀಂ ಕೋರ್ಟು ಇದು ಫೆಡರಲ್ ಕೋರ್ಟುಗಳ ಕೆಲಸ ಅಲ್ಲ ಅಂತ ಕೈ ತೊಳ್ಕೊಂಡ್ತು.

ಆದ್ರೂ ಎಲ್ಲ ಕಳ್ಳರೇ ಅನ್ನೋ ಮಾತು ನಾನು ಒಪ್ಪಲ್ಲ, ಯಾಕೆ ಅನ್ನೋದಕ್ಕೆ ನಮ್ಮ ಸ್ಟೇಟಿನದೇ ಎರಡು ಕಥೆ ಇದೆ. 2018ರಲ್ಲಿ ಇಲ್ಲಿ 9ನೇ ಡಿಸ್ಟ್ರಿಕ್ಟಲ್ಲಿ, ಅಂದ್ರೆ ನಮ್ಮ ಲೋಕಸಭಾ ಕ್ಷೇತ್ರದ ಥರದ್ದು, ರಿಪಬ್ಲಿಕನ್ ಮಾರ್ಕ್ ಹ್ಯಾರಿಸ್ 905 ವೋಟಿಂದ ಮುಂದಿದ್ರು. ಬ್ಲೇಡನ್ ಕೌಂಟಿಲಿ ಅವರ ಪರ ಕೆಲಸ ಮಾಡಿದವನು ಜನಕ್ಕೆ ದುಡ್ಡು ಕೊಟ್ಟು ಮನೆಮನೆಗೆ ಕಳಿಸಿ ಅಂಚೆ ಬ್ಯಾಲೆಟ್ ಕಲೆಹಾಕಿಸಿದ್ದ, ಅದು ಇಲ್ಲಿ ಕಾನೂನಿಗೆ ವಿರುದ್ಧ. ಎಲೆಕ್ಷನ್ ಬೋರ್ಡಿನ ವಿಚಾರಣೇಲಿ ಸಾಕ್ಷಿ ಹೇಳೋಕೆ ಬಂದಿದ್ದು ಯಾರು ಅಂತೀಯ, ಹ್ಯಾರಿಸ್ ಮಗ. ಸರ್ಕಾರಿ ವಕೀಲ ಅವನು. ಅಪ್ಪಾ ಈ ಮನುಷ್ಯನ್ನ ಇಟ್ಕೋಬೇಡಿ ಅಂತ ನಾನು ಮೊದಲೇ ಎಚ್ಚರಿಸಿದ್ದೆ ಅಂತ, ಅಪ್ಪ ಎದುರಿಗೇ ಕೂತಿರುವಾಗ ಹೇಳಿದ. ಅಪ್ಪ ಅಲ್ಲೇ ಅತ್ತರು. ಮಾರನೇ ದಿನ ತಾವೇ ಹೊಸ ಎಲೆಕ್ಷನ್ ಆಗಲಿ ಅಂದ್ರು, ಐದು ಜನರ ಬೋರ್ಡು, ಎರಡೂ ಪಾರ್ಟಿಯವರು, ಐದಕ್ಕೆ ಐದೂ ವೋಟು ಹಾಕಿ ಹಳೇ ಎಲೆಕ್ಷನ್ ರದ್ದು ಮಾಡಿದ್ರು. ಅದೇ ಹ್ಯಾರಿಸ್ 2024ರಲ್ಲಿ ಬೇರೆ ಡಿಸ್ಟ್ರಿಕ್ಟಿಂದ ಗೆದ್ದು ಕಾಂಗ್ರೆಸ್‌ಗೆ ಹೋದ್ರು, ಅದು ನಂಗೆ ಹಿಡಿಸಲಿಲ್ಲ, ಆದ್ರೆ ಆ ಮಗ ಆ ಕುರ್ಚೀಲಿ ಕೂತು ಮಾತಾಡಿದ್ದು ನಾನು ಮರೆಯಲ್ಲ.

ಇನ್ನೊಂದು 2024ರದ್ದು, ನಮ್ಮ ಸ್ಟೇಟ್ ಸುಪ್ರೀಂ ಕೋರ್ಟ್ ಜಡ್ಜ್ ಸೀಟು, ಇಲ್ಲಿ ಜಡ್ಜ್‌ಗಳಿಗೂ ಎಲೆಕ್ಷನ್. ಆ ರಾತ್ರಿ ರಿಪಬ್ಲಿಕನ್ ಜೆಫರ್ಸನ್ ಗ್ರಿಫಿನ್ ಸುಮಾರು 10,000 ಮುಂದೆ, ಬಾಕಿ ಬ್ಯಾಲೆಟ್ ಎಣಿಸಿದ ಮೇಲೆ ಡೆಮಾಕ್ರಟ್ ಆಲಿಸನ್ ರಿಗ್ಸ್ 734 ಮುಂದೆ, 55 ಲಕ್ಷ ವೋಟಲ್ಲಿ. ಎರಡು ಸಲ ಮರು ಎಣಿಕೆ ಆಯ್ತು, ರಿಗ್ಸ್ ಮುಂದೇನೇ. ಗ್ರಿಫಿನ್ ಆಮೇಲೆ 65,000ಕ್ಕೂ ಹೆಚ್ಚು ವೋಟನ್ನ ಲೆಕ್ಕಕ್ಕೆ ತಗೋಬೇಡಿ ಅಂತ ಕೋರ್ಟಿಗೆ ಹೋದ್ರು, ಬಹಳಷ್ಟು ಜನರದ್ದು ರಿಜಿಸ್ಟ್ರೇಷನ್ ದಾಖಲೇಲಿ ಒಂದು ನಂಬರ್ ಇಲ್ಲ ಅನ್ನೋ ಕಾರಣಕ್ಕೆ. ಅವರೆಲ್ಲ ಇದ್ದ ನಿಯಮದ ಪ್ರಕಾರಾನೇ ವೋಟ್ ಹಾಕಿದವರು, ರಿಗ್ಸ್ ಅಪ್ಪ ಅಮ್ಮನ ಹೆಸರೂ ಆ ಪಟ್ಟೀಲಿತ್ತು. ಅದೇ ಕಾಗದದ ಮೇಲೆ ಪ್ರೆಸಿಡೆಂಟ್ ವೋಟೂ ಇತ್ತು ಕಣಪ್ಪ, ಅದು ಸರಿ, ಇದು ಮಾತ್ರ ಲೆಕ್ಕಕ್ಕಿಲ್ಲ ಅಂದ್ರೆ ಹೇಗೆ. ಸ್ಟೇಟ್ ಕೋರ್ಟಲ್ಲಿ ಗ್ರಿಫಿನ್‌ಗೆ ಸ್ವಲ್ಪ ಗೆಲುವೂ ಸಿಕ್ತು. ಕೊನೆಗೆ 2025ರ ಮೇ 5ಕ್ಕೆ ಫೆಡರಲ್ ಜಡ್ಜ್ ರಿಚರ್ಡ್ ಮೈಯರ್ಸ್, ಟ್ರಂಪೇ ನೇಮಿಸಿದವರು, ಆಟ ಮುಗಿದ ಮೇಲೆ ನಿಯಮ ಬದಲಾಯಿಸೋ ಹಾಗಿಲ್ಲ ಅಂದ್ರು. ಎರಡು ದಿನಕ್ಕೆ ಗ್ರಿಫಿನ್ ಸೋಲು ಒಪ್ಪಿದ್ರು. ಆರು ತಿಂಗಳು.

ನಮ್ಮ ಬೂತಲ್ಲಿ ಏನಾಗುತ್ತೆ ಅಂತ ಹೇಳ್ತೀನಿ. ಬೆಳಿಗ್ಗೆ 6:30ಕ್ಕೆ ಶುರು, ಸಂಜೆ 7:30ಕ್ಕೆ ಮುಚ್ಚೋದು. ಬೂತ್ ಆಫೀಸರುಗಳಿಗೂ ಇಲ್ಲಿ ಜಡ್ಜ್ ಅಂತಾನೇ ಹೆಸರು, ಚೀಫ್ ಜಡ್ಜ್ ಒಬ್ಬರು, ಜಡ್ಜ್‌ಗಳು ಇಬ್ಬರು, ಮೂರೂ ಜನ ಒಂದೇ ಪಾರ್ಟಿ ಇರೋ ಹಾಗಿಲ್ಲ. ನನ್ನ ಪಕ್ಕ ಕೂರೋ ಜಡ್ಜ್ ರಿಪಬ್ಲಿಕನ್, ರಿಟೈರ್ ಆದ ಸ್ಕೂಲ್ ಬಸ್ ಡ್ರೈವರ್, ಮನೆಯಿಂದ ಕಾರ್ನ್ ಬ್ರೆಡ್ ತರ್ತಾರೆ, ನಾನು ಚಿತ್ರಾನ್ನ ಒಯ್ತೀನಿ. ವೋಟರ್ ಹೆಸರು, ಅಡ್ರೆಸ್ ಹೇಳಿ, ಐಡಿ ತೋರಿಸಿ, ಒಂದು ಚೀಟಿಗೆ ಸೈನ್ ಹಾಕ್ತಾರೆ, ಕಾಗದದ ಬ್ಯಾಲೆಟ್ಟಲ್ಲಿ ಪೆನ್ನಿಂದ ತುಂಬಿ ಮೆಷಿನ್‌ಗೆ ಹಾಕ್ತಾರೆ. ಮುಚ್ಚಿದ ಮೇಲೆ ಚೀಟಿ ಲೆಕ್ಕ, ಮೆಷಿನ್ ಲೆಕ್ಕ ತಾಳೆ ಆಗ್ಬೇಕು. ಒಂದು ವರ್ಷ ಒಂದು ಚೀಟಿ ಕಮ್ಮಿ ಬಂತು. ಬೆಳಿಗ್ಗೆ ಐದೂವರೆಗೆ ಬಂದವರು, ಎಲ್ಲರಿಗೂ ಕಾಲು ಊದಿತ್ತು, ಒಂದು ತಾನೇ ಅಂತ ಯಾರಾದ್ರೂ ಅನ್ನಬಹುದಾಗಿತ್ತು, ಯಾರೂ ಅನ್ನಲಿಲ್ಲ. ಸಂತೇಮರಹಳ್ಳಿಲಿ 2004ರಲ್ಲಿ ಧ್ರುವನಾರಾಯಣ ಒಂದೇ ಒಂದು ವೋಟಿಂದ ಗೆದ್ದಿದ್ದು, 2023ರಲ್ಲಿ ಜಯನಗರದಲ್ಲಿ 16 ವೋಟಿಗೆ ರಾತ್ರಿಯೆಲ್ಲ ಗಲಾಟೆ ಆಗಿದ್ದು ನಿಂಗೆ ಗೊತ್ತಲ್ಲ, ನಂಗೆ ಅವತ್ತು ಅದೇ ತಲೇಲಿ. ಮತ್ತೆ ಎಣಿಸಿದ್ವಿ, ಮತ್ತೆ ಒಂದು ಕಮ್ಮಿ. ಮೂರನೇ ಸಲ ಆ ಬಸ್ ಡ್ರೈವರ್ ಬೆರಳಿಗೆ ಎಂಜಲು ಹಚ್ಚಿ ಒಂದೊಂದೇ ಬಿಡಿಸ್ತಾ ಹೋದ್ರು, ಎರಡು ಚೀಟಿ ಅಂಟಿಕೊಂಡಿದ್ವು. ಆಮೇಲೆ ಮೆಷಿನ್ನಿಂದ ಫಲಿತಾಂಶದ ಟೇಪ್ ಎಳೆದು, ಮೂರೂ ಜನ ಸೈನ್ ಹಾಕಿದ್ವಿ. ಆ ಟೇಪಲ್ಲಿ ಅವರ ಕ್ಯಾಂಡಿಡೇಟ್ ಸೋತಿದ್ರು, ನನ್ನ ಸೈನಿಗಿಂತ ಅವರದ್ದೇ ಚೆನ್ನಾಗಿ ಬಂದಿತ್ತು.

ಅದಕ್ಕೇ ಆಫೀಸಲ್ಲಿ ಯಾರಾದ್ರೂ ಕದ್ದರು ಅಂದ್ರೆ ವಾದಕ್ಕೆ ಇಳೀಬೇಡ, ವೀಸಾದಲ್ಲಿರೋನು, ಮೇಲಾಗಿ ಹೊಸಬ, ಯಾವ ಕೌಂಟಿಲಿ, ಎಷ್ಟು ವೋಟು, ಯಾವ ಕೋರ್ಟು ಏನ್ ಹೇಳ್ತು ಅಂತ ಮೆತ್ತಗೆ ಕೇಳು, ಸಾಕು. ನಿಂಗೆ ವೋಟಿಲ್ಲ ನಿಜ, ಆದ್ರೆ ಈ ಸ್ಟೇಟಲ್ಲಿ ಎಣಿಕೆ ನೋಡೋಕೆ ಯಾರು ಬೇಕಾದ್ರೂ ಬರಬಹುದು, ಕಾನೂನಲ್ಲೇ ಇದೆ, ಅಡ್ಡ ಬರದೆ ಪಕ್ಕಕ್ಕೆ ನಿಂತಿದ್ರಾಯ್ತು. ಮುಂದಿನ ಎಲೆಕ್ಷನ್ ದಿನ ಆಫೀಸಿಂದ ಸೀದಾ ಬಾ, 7:30ಕ್ಕೆ ಸ್ವಲ್ಪ ಮೊದಲೇ. ಜಾಕೆಟ್ ತಗೊಂಡು ಬಾ, ಆ ಹಾಲಲ್ಲಿ ನವೆಂಬರಲ್ಲೂ ಎಸಿ ಹಾಕಿರ್ತಾರೆ. ಚಿತ್ರಾನ್ನ ಎತ್ತಿಟ್ಟಿರ್ತೀನಿ.