ತೆರೆಗೆ ಬಂದ ಕಾದಂಬರಿ ಓದುಗರನ್ನು ನಿರಾಸೆಗೊಳಿಸುವುದೇಕೆ?

ಇಷ್ಟಪಟ್ಟು ಓದಿದ ಕಾದಂಬರಿ ಸಿನಿಮಾ ಆಯಿತು, ಆಸೆಯಿಂದ ಹೋಗಿ ನೋಡಿದೆವು, ಮನಸ್ಸಿಗೆ ಹಿಡಿಸಲಿಲ್ಲ ಎಂಬ ದೂರು ಬೇರೆ ಬೇರೆ ಮಾತುಗಳಲ್ಲಿ ನನಗೆ ಮರಳಿ ಮರಳಿ ಬರುತ್ತಿದೆ. ಪ್ರಶ್ನೆ ಕೇಳಿದವರೇ ಕಾರಣವನ್ನೂ ಸೂಚಿಸಿರುತ್ತಾರೆ, ಮತ್ತು ಆ ಕಾರಣ ಹೆಚ್ಚಿನ ಸಲ ತಪ್ಪಾಗಿರುತ್ತದೆ. ಬಹುಕಾಲದಿಂದ ಚಿತ್ರಕಥೆ ಬರೆಯುವ ಮತ್ತು ಕಲಿಸುವ ಕೆಲಸದಲ್ಲಿರುವ ನನಗೆ ಇದು ಬೇಸರ ತರಿಸುತ್ತದೆ. ಏಕೆಂದರೆ ಆ ತಪ್ಪು ಕಾರಣಗಳನ್ನೇ ನಂಬಿ ಸಿನಿಮಾ ಮಾಡುವವರೂ ಇದ್ದಾರೆ. ಕಾದಂಬರಿ ಮತ್ತು ಸಿನಿಮಾ ಬೇರೆ ಬೇರೆ ಮಾಧ್ಯಮಗಳು ಎಂಬುದನ್ನು ನಾನು ಇಲ್ಲಿ ವಿವರಿಸಲು ಹೋಗುವುದಿಲ್ಲ. ಅದು ಎಲ್ಲರಿಗೂ ತಿಳಿದಿದೆ, ಅಷ್ಟನ್ನು ಹೇಳಿದ ಮಾತ್ರಕ್ಕೆ ಯಾರ ಸಂಶಯವೂ ತೀರುವುದಿಲ್ಲ.

ಪ್ರಶ್ನೆ: ಐನೂರು ಪುಟಗಳ ಕಾದಂಬರಿಯನ್ನು ಎರಡೂವರೆ ಗಂಟೆಗೆ ಇಳಿಸಬೇಕಾದರೆ ಬಹುಭಾಗವನ್ನು ಕೈಬಿಡಲೇಬೇಕು. ಓದುಗರ ನಿರಾಸೆಗೆ ಇದೇ ಕಾರಣವಲ್ಲವೆ?

ಅಲ್ಲ. ಕೈಬಿಡುವುದು ನಿಜ. ಚಿತ್ರಕಥೆಯ ಒಂದು ಪುಟವೆಂದರೆ ತೆರೆಯ ಮೇಲೆ ಸುಮಾರು ಒಂದು ನಿಮಿಷ ಎಂಬುದು ನಮ್ಮ ಕಸುಬಿನ ಸ್ಥೂಲ ಲೆಕ್ಕ. ಎರಡು ಗಂಟೆಯ ಚಿತ್ರಕ್ಕೆ 120 ಪುಟ, ಅದೂ ಅಗಲವಾದ ಅಂಚು ಬಿಟ್ಟು ವಿರಳವಾಗಿ ಬರೆದ ಪುಟಗಳು. ಆದರೆ ಕೈಬಿಟ್ಟದ್ದೇ ನಿರಾಸೆಯ ಮೂಲವಾಗಿದ್ದರೆ, ಹೆಚ್ಚು ಬಿಟ್ಟ ಚಿತ್ರ ಹೆಚ್ಚು ನೋಯಿಸಬೇಕಿತ್ತು, ಎಲ್ಲವನ್ನೂ ಉಳಿಸಿಕೊಂಡ ಚಿತ್ರ ತೃಪ್ತಿ ಕೊಡಬೇಕಿತ್ತು. ಹಾಗೆ ಆಗಿಲ್ಲ. ಬಿಭೂತಿಭೂಷಣ ಬಂದ್ಯೋಪಾಧ್ಯಾಯರ ‘ಪಥೇರ್ ಪಾಂಚಾಲಿ’ 1929ರಲ್ಲಿ ಪುಸ್ತಕವಾಗಿ ಬಂದಿತು. 1955ರಲ್ಲಿ ಸತ್ಯಜಿತ್ ರಾಯ್ ಅದನ್ನು ಚಿತ್ರವಾಗಿಸಿದಾಗ ಕುಟುಂಬವು ಹಳ್ಳಿ ಬಿಟ್ಟು ಹೊರಡುವಲ್ಲಿಗೇ ಕಥೆಯನ್ನು ನಿಲ್ಲಿಸಿ, ನಂತರದ ಕಾಶಿಯ ಬದುಕನ್ನು ಮುಂದಿನ ಚಿತ್ರಕ್ಕೆ ಉಳಿಸಿಕೊಂಡರು. ಕಾದಂಬರಿಯಲ್ಲಿ ಬೇಗನೆ ತೀರಿಹೋಗುವ ಮುದುಕಿ ಇಂದಿರ್ ಠಾಕ್ರುಣ್ ಚಿತ್ರದಲ್ಲಿ ಬಹಳ ದೂರದವರೆಗೆ ಬದುಕಿರುತ್ತಾಳೆ. ಇಷ್ಟೆಲ್ಲ ಬದಲಾಯಿಸಿದ ಆ ಚಿತ್ರವನ್ನು ಯಾರೂ ಮೂಲಕ್ಕೆ ಬಗೆದ ದ್ರೋಹವೆಂದು ನೆನೆಯುವುದಿಲ್ಲ. ಇದಕ್ಕೆ ವಿರುದ್ಧವಾಗಿ, ಇಂಗ್ಲಿಷ್ ಲೇಖಕ ಟೋಲ್ಕಿನ್ ಮಕ್ಕಳಿಗಾಗಿ ಬರೆದು 1937ರಲ್ಲಿ ಪ್ರಕಟಿಸಿದ ‘ದಿ ಹಾಬಿಟ್’ ಎಂಬ ಒಂದೇ ಸಂಪುಟದ ಪುಸ್ತಕ 2012ರಿಂದ 2014ರ ನಡುವೆ ಮೂರು ದೀರ್ಘ ಚಿತ್ರಗಳಾಗಿ ಬಂದಾಗ, ಜಾಗ ಬೇಕಾದಷ್ಟಿದ್ದರೂ ಪುಸ್ತಕವನ್ನು ಪ್ರೀತಿಸಿದ ಅನೇಕರು ಎಳೆದಾಡಿದ್ದಾರೆಂದು ದೂರಿದರು.

ಹಾಗಾದರೆ ಕಳೆದುಹೋಗುವುದು ಯಾವುದು? ನೀವು ಪ್ರೀತಿಸಿದ್ದು ಕಥೆಯನ್ನು ಎಂದು ನೀವು ತಿಳಿದಿದ್ದೀರಿ. ವಾಸ್ತವವಾಗಿ ನೀವು ಪ್ರೀತಿಸಿದ್ದು ಆ ಕಥೆಯನ್ನು ಹೇಳುತ್ತಿದ್ದ ದನಿಯನ್ನು. ಹತ್ತು ಹದಿನೈದು ದಿನ ಆ ದನಿ ನಿಮ್ಮ ಕಿವಿಯೊಳಗಿತ್ತು. ಅದು ಯಾವಾಗ ಆತುರಪಡುತ್ತದೆ, ಎಲ್ಲಿ ತಡೆದು ನಿಲ್ಲುತ್ತದೆ, ಯಾರನ್ನು ಕರುಣೆಯಿಂದ ನೋಡುತ್ತದೆ ಎಂಬುದೆಲ್ಲ ನಿಮಗೆ ಅರಿವಿಲ್ಲದೆಯೇ ರೂಢಿಯಾಗಿತ್ತು. ಘಟನೆಗಳು ಅಷ್ಟೂ ತೆರೆಯ ಮೇಲೆ ಬಂದರೂ ಆ ದನಿ ಬರದಿದ್ದರೆ ನೀವು ಪರಿಚಯದ ಮನೆಗೆ ಹೋಗಿ ಅಪರಿಚಿತರನ್ನು ಕಂಡವರಂತಾಗುತ್ತೀರಿ.

ಇದನ್ನು ತತ್ವದ ಮಾತಿನಲ್ಲಿ ಹೇಳಿ ಬಿಡುವುದು ಸುಲಭ, ಆದರೆ ಸಮಸ್ಯೆ ಇರುವುದು ವಾಕ್ಯಗಳಲ್ಲಿ. ‘ಪ್ರತಿ ಸಂಜೆ ಅವನು ಬಂದು ಕಿಟಕಿಯ ಬಳಿ ಕೂರುತ್ತಿದ್ದ’ ಎಂದು ಕಾದಂಬರಿಕಾರ ಬರೆಯುತ್ತಾನೆ. ಆ ‘ಕೂರುತ್ತಿದ್ದ’ ಎಂಬ ಒಂದು ಕ್ರಿಯಾಪದದಲ್ಲಿ ವರ್ಷಗಳು ಅಡಗಿವೆ. ಕ್ಯಾಮೆರಾಕ್ಕೆ ‘ಕೂರುತ್ತಿದ್ದ’ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ‘ಕೂರುತ್ತಾನೆ’ ಮಾತ್ರ. ಅದು ತೋರಿಸುವುದು ಒಂದು ನಿರ್ದಿಷ್ಟ ಸಂಜೆಯನ್ನು, ಒಂದು ನಿರ್ದಿಷ್ಟ ಬೆಳಕಿನಲ್ಲಿ. ಬೇರೆ ಬೇರೆ ಬಟ್ಟೆಯಲ್ಲಿ ಮೂರು ಸಂಜೆಗಳನ್ನು ಚಿತ್ರಿಸಿ ಸಂಕಲನದಲ್ಲಿ ಜೋಡಿಸಿದರೆ ರೂಢಿ ಎಂಬ ಅರ್ಥವೇನೋ ಹೊರಡುತ್ತದೆ, ಆದರೆ ವಾಕ್ಯ ಒಂದು ಉಸಿರಿನಲ್ಲಿ ಮಾಡಿ ಮುಗಿಸಿದ್ದು ಅಲ್ಲಿ ಒಂದು ಪ್ರದರ್ಶನವಾಗಿಬಿಡುತ್ತದೆ. ‘ಅವಳು ಅಂದು ಅಳಲಿಲ್ಲ’ ಎಂಬ ವಾಕ್ಯ ಇನ್ನೂ ಕಷ್ಟದ್ದು. ಅಳದಿರುವ ಮುಖವನ್ನು ತೋರಿಸಬಹುದು. ಅಳು ಬರಬೇಕಾಗಿದ್ದ ಹೊತ್ತಿನಲ್ಲಿ ಬರಲಿಲ್ಲವೆಂಬುದನ್ನು ತೋರಿಸಲು ಅದಕ್ಕೆ ಮೊದಲಿನ ನಾಲ್ಕು ದೃಶ್ಯಗಳನ್ನು ಅದಕ್ಕಾಗಿಯೇ ಅಣಿಗೊಳಿಸಬೇಕು. ‘ಅವಳಿಗೆ ಬೇರೆ ಊರಿನಲ್ಲಿ ಮದುವೆಯಾಯಿತಂತೆ’ ಎಂಬಲ್ಲಿನ ‘ಅಂತೆ’ಯನ್ನು ಏನು ಮಾಡುವುದು? ಮದುವೆಯನ್ನೇ ತೋರಿಸಿದರೆ ವದಂತಿ ಸತ್ಯವಾಗಿಬಿಡುತ್ತದೆ. ಯಾರದೋ ಬಾಯಲ್ಲಿ ಆಡಿಸಿದರೆ ಊರಿಗೆಲ್ಲ ಸೇರಿದ್ದ ಮಾತು ಒಬ್ಬರ ಮಾತಾಗಿ ಇಳಿದುಹೋಗುತ್ತದೆ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿರುವುದು ‘ತಾನು’ ಎಂಬ ಪದ. ‘ಈ ಮನೆಯಲ್ಲಿ ಇನ್ನು ತನಗೇನು ಉಳಿದಿದೆ?’ ಎಂದು ಕಾದಂಬರಿಯಲ್ಲಿ ಬಂದಾಗ, ಹೇಳುತ್ತಿರುವವನು ನಿರೂಪಕ, ಯೋಚಿಸುತ್ತಿರುವವಳು ಪಾತ್ರ. ಓದುಗ ಒಂದೇ ಕ್ಷಣದಲ್ಲಿ ಅವಳ ಒಳಗೂ ಇದ್ದಾನೆ, ಅವಳ ಪಕ್ಕದಲ್ಲಿ ನಿಂತು ಅವಳನ್ನು ನೋಡುತ್ತಲೂ ಇದ್ದಾನೆ. ಈ ಮಾತನ್ನು ನಟಿಯ ಬಾಯಿಗೆ ಕೊಟ್ಟೊಡನೆ ‘ತನಗೇನು’ ಎಂಬುದು ‘ನನಗೇನು’ ಆಗಲೇಬೇಕು, ಮತ್ತು ಅಕ್ಕರೆಯ ಆ ಅಂತರ ಅಲ್ಲಿಗೆ ಅಳಿಸಿಹೋಗುತ್ತದೆ. ಪುಸ್ತಕದಲ್ಲಿ ಗಂಭೀರಳಾಗಿದ್ದ ಹೆಣ್ಣು ತೆರೆಯ ಮೇಲೆ ಗೋಳಾಡುವವಳಂತೆ ಕಾಣುವುದು ಅನೇಕ ಸಲ ನಟಿಯ ತಪ್ಪಿನಿಂದ ಅಲ್ಲ, ಈ ಒಂದು ಅಕ್ಷರದ ಬದಲಾವಣೆಯಿಂದ.

ಚಿತ್ರಕಥೆಗಾರರು ಇದನ್ನು ಏಕೆ ಗಮನಿಸುವುದಿಲ್ಲ ಎಂದರೆ, ಕೆಲಸ ಶುರುವಾಗುವ ರೀತಿಯೇ ಹಾಗಿದೆ. ಹಕ್ಕು ಕೊಂಡವರು ಮೊದಲು ಕೇಳುವುದು ನಾಲ್ಕೈದು ಪುಟದ ಕಥಾಸಾರವನ್ನು. ಕಥಾಸಾರವೆಂದರೆ ದನಿಯನ್ನು ತೆಗೆದು ಘಟನೆಗಳನ್ನು ಉಳಿಸಿಕೊಂಡ ಬರಹ. ನಂತರ ಆರು ತಿಂಗಳು ನಡೆಯುವ ಚರ್ಚೆಯೆಲ್ಲ ಆ ಕಥಾಸಾರದ ಮೇಲೆ. ಕಾದಂಬರಿಯನ್ನು ಮತ್ತೆ ತೆರೆದು ನೋಡುವವರು ಕಡಿಮೆ. ವೃತ್ತಿಯ ಆರಂಭದಲ್ಲಿ ನಾನೂ ಇದೇ ತಪ್ಪು ಮಾಡಿದ್ದೇನೆ. ಒಂದು ಕಾದಂಬರಿಯ ಎಲ್ಲ ಮುಖ್ಯ ಪ್ರಸಂಗಗಳನ್ನು ಜೋಪಾನವಾಗಿ ಉಳಿಸಿ ಬರೆದ ಚಿತ್ರಕಥೆಯನ್ನು ಲೇಖಕರಿಗೆ ಒಯ್ದು ಕೊಟ್ಟೆ. ಅವರು ಪೂರ್ತಿ ಓದಿ, ಎಲ್ಲವೂ ಇದೆ, ನಾನು ಮಾತ್ರ ಇಲ್ಲ ಎಂದರು. ಆ ಚಿತ್ರ ಆಗಲಿಲ್ಲ, ಆಗದಿದ್ದುದು ಒಳ್ಳೆಯದೇ ಆಯಿತು.

ಸರಿಯಾಗಿ ಮಾಡಿದವರು ದನಿಗೆ ಬದಲಾಗಿ ಬೇರೊಂದನ್ನು ಹುಡುಕಿಕೊಂಡಿದ್ದಾರೆ. ಗಿರೀಶ ಕಾಸರವಳ್ಳಿಯವರು 1977ರಲ್ಲಿ ಅನಂತಮೂರ್ತಿಯವರ ‘ಘಟಶ್ರಾದ್ಧ’ ಕಥೆಯನ್ನು ಚಿತ್ರವಾಗಿಸಿದಾಗ, ನಡೆಯುತ್ತಿರುವುದನ್ನು ಪೂರ್ತಿ ಅರ್ಥಮಾಡಿಕೊಳ್ಳಲಾರದ ಒಬ್ಬ ಹುಡುಗನ ನೋಟವನ್ನು ಚಿತ್ರದುದ್ದಕ್ಕೂ ಬಿಡದೆ ಕಾಪಾಡಿದರು. ಹುಡುಗನಿಗೆ ತಿಳಿಯದ್ದು ನಮಗೆ ತಿಳಿಯುತ್ತದೆ, ಮತ್ತು ಆ ವ್ಯತ್ಯಾಸದಲ್ಲೇ ನೋವು ಹುಟ್ಟುತ್ತದೆ. ಅಲ್ಲಿ ನಿರೂಪಕನ ಕೆಲಸವನ್ನು ಕ್ಯಾಮೆರಾ ನಿಂತ ಜಾಗ ಮಾಡುತ್ತಿದೆ. ಅದು ಸಣ್ಣ ಗಾತ್ರದ ಕಥೆಯಾಗಿದ್ದುದೂ ನೆರವಾಯಿತು ಎಂಬುದು ನನ್ನ ಅಭಿಪ್ರಾಯ. ಅವರದೇ ‘ತಬರನ ಕಥೆ’ಗೂ ಪೂರ್ಣಚಂದ್ರ ತೇಜಸ್ವಿಯವರ ಸಣ್ಣ ಕಥೆಯೇ ಆಧಾರ, ಈ ಎರಡೂ ಚಿತ್ರಗಳಿಗೆ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂದಿತು. ಸಣ್ಣ ಕಥೆಯನ್ನು ಚಿತ್ರವಾಗಿಸುವವನು ಹಿಗ್ಗಿಸಬೇಕಾಗುತ್ತದೆ, ಹಿಗ್ಗಿಸುವಾಗ ತಾನೇ ನೋಡಬೇಕಾಗುತ್ತದೆ. ಕಾದಂಬರಿಯನ್ನು ಕುಗ್ಗಿಸುವವನು ನೋಡುವುದನ್ನೇ ಮರೆತು ಆರಿಸುತ್ತಾ ಕೂರುವ ಅಪಾಯವಿದೆ.

ಪ್ರಶ್ನೆ: ದನಿಯೇ ಮುಖ್ಯವಾದರೆ ನಿರೂಪಣೆಯನ್ನು ಹಿನ್ನೆಲೆಯಲ್ಲಿ ಓದಿಸಿಬಿಡಬಹುದಲ್ಲ?

ಹತ್ತರಲ್ಲಿ ಒಂಬತ್ತು ಸಲ ಅದು ಸೋಮಾರಿತನ. ಅವನು ಒಂಟಿಯಾಗಿದ್ದ ಎಂದು ಧ್ವನಿ ಹೇಳುತ್ತದೆ, ಒಂಟಿಯಾಗಿ ಕುಳಿತವನನ್ನು ಚಿತ್ರ ತೋರಿಸುತ್ತದೆ, ಎರಡರಲ್ಲಿ ಒಂದು ವ್ಯರ್ಥವಾಗುತ್ತದೆ. ಹಿನ್ನೆಲೆ ನಿರೂಪಣೆಯನ್ನು ಸಾರ್ಥಕವಾಗಿ ಬಳಸಿದ ಅಪರೂಪದ ಚಿತ್ರವೆಂದರೆ ಫ್ರೆಂಚ್ ಲೇಖಕ ಬರ್ನಾನೋಸ್ ಅವರ ಕಾದಂಬರಿಯನ್ನು ಆಧರಿಸಿ ನಿರ್ದೇಶಕ ರಾಬರ್ಟ್ ಬ್ರೆಸ್ಸಾನ್ 1951ರಲ್ಲಿ ಮಾಡಿದ, ಹಳ್ಳಿಯ ಪಾದ್ರಿಯೊಬ್ಬನ ದಿನಚರಿಯ ಚಿತ್ರ. ಅಲ್ಲಿ ದಿನಚರಿಯನ್ನು ಬರೆಯುವ ಕೈಯೂ ಕಾಣುತ್ತದೆ, ಓದುವ ಧ್ವನಿಯೂ ಕೇಳುತ್ತದೆ; ಬರೆಯುವ ಕ್ರಿಯೆಯೇ ಆ ಚಿತ್ರದ ಮುಖ್ಯ ಘಟನೆಯಾಗಿರುವುದರಿಂದ ಪುನರುಕ್ತಿಗೆ ಅರ್ಥ ಬಂದಿದೆ. ಅಂಥ ಕಾರಣ ನಿಮ್ಮಲ್ಲಿ ಇಲ್ಲದಿದ್ದರೆ ಹಿನ್ನೆಲೆ ಧ್ವನಿಯನ್ನು ಮುಟ್ಟಬೇಡಿ.

ಪ್ರಶ್ನೆ: ನಾಯಕಿಯ ಪಾತ್ರಕ್ಕೆ ಆರಿಸಿದ ನಟಿ ನನ್ನ ಕಲ್ಪನೆಗೆ ಹೊಂದಲೇ ಇಲ್ಲ. ಇನ್ನೂ ಉತ್ತಮ ಆಯ್ಕೆ ಸಾಧ್ಯವಿರಲಿಲ್ಲವೆ?

ಯಾರನ್ನು ಆರಿಸಿದ್ದರೂ ನಿಮಗೆ ಹೊಂದುತ್ತಿರಲಿಲ್ಲ. ಕಾದಂಬರಿಯಲ್ಲಿ ಆಕೆಯ ಮುಖದ ಬಗ್ಗೆ ಎಷ್ಟು ವಾಕ್ಯಗಳಿವೆ ಎಂದು ದಯವಿಟ್ಟು ಎಣಿಸಿ ನೋಡಿ. ಬಹುಶಃ ಎರಡೋ ಮೂರೋ ಸಿಗುತ್ತವೆ. ಉಳಿದದ್ದನ್ನು ತುಂಬಿಕೊಂಡವರು ನೀವು, ಅದೂ ಒಂದು ಸ್ಪಷ್ಟ ಮುಖವಾಗಿ ಅಲ್ಲ, ಪುಟದಿಂದ ಪುಟಕ್ಕೆ ಬದಲಾಗುವ ಒಂದು ಇರವಾಗಿ. ತೆರೆಯ ಮೇಲಿನ ಮುಖ ಬದಲಾಗುವುದಿಲ್ಲ. ಈ ಅಪಾಯವನ್ನು ಲೇಖಕರು ಪುಸ್ತಕದಲ್ಲಿ ಹಾಕುವ ಚಿತ್ರಗಳ ವಿಷಯದಲ್ಲೇ ಅರಿತಿದ್ದರು: ತನ್ನ ಪುಸ್ತಕಕ್ಕೆ ಚಿತ್ರಗಳನ್ನು ಹಾಕಿಸಲು ಫ್ರೆಂಚ್ ಕಾದಂಬರಿಕಾರ ಫ್ಲೋಬೇರ್ ಒಪ್ಪಲಿಲ್ಲ; ಕೀಟವಾಗಿ ಬದಲಾದ ಮನುಷ್ಯನ ಕಥೆ 1915ರಲ್ಲಿ ಪುಸ್ತಕವಾಗುತ್ತಿದ್ದಾಗ, ಮುಖಪುಟದಲ್ಲಿ ಆ ಕೀಟವನ್ನು ಮಾತ್ರ ಬರೆಯಿಸಬಾರದು, ದೂರದಿಂದ ಕೂಡ ತೋರಿಸಬಾರದು ಎಂದು ಕಾಫ್ಕಾ ಪ್ರಕಾಶಕರನ್ನು ಕೇಳಿಕೊಂಡಿದ್ದ.

ಪ್ರಶ್ನೆ: ಕಾದಂಬರಿಕಾರರೇ ಚಿತ್ರಕಥೆ ಬರೆದರೆ ಸಮಸ್ಯೆ ತೀರುವುದಿಲ್ಲವೆ?

ತೀರುವುದಿಲ್ಲ, ತಾನು ವಾಕ್ಯದಲ್ಲಿ ಸಾಧಿಸಿದ್ದು ತೆರೆಯ ಮೇಲೂ ತಾನಾಗಿಯೇ ಕಾಣುತ್ತದೆ ಎಂದು ನಂಬುವವರಲ್ಲಿ ಆ ವಾಕ್ಯ ಬರೆದವರೇ ಮೊದಲಿಗರು.

ಪ್ರಶ್ನೆ: ಎಲ್ಲರೂ ಚಿತ್ರವನ್ನು ಹೊಗಳುತ್ತಿದ್ದಾರೆ, ನನಗೆ ಮಾತ್ರ ನಿರಾಸೆಯಾಗಿದೆ. ನನ್ನ ಅಭಿರುಚಿಯಲ್ಲೇ ದೋಷವಿದೆಯೆ?

ಇಲ್ಲ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಹೆಣೆದು ಪುಟ್ಟಣ್ಣ ಕಣಗಾಲರು 1972ರಲ್ಲಿ ಮಾಡಿದ ‘ನಾಗರಹಾವು’ ಅಪಾರ ಜನಪ್ರಿಯವಾಯಿತು, ಮೂಲ ಲೇಖಕರಿಗೆ ಅದು ಸಮಾಧಾನ ಕೊಡಲಿಲ್ಲ. ಚಿತ್ರಮಂದಿರದಲ್ಲಿ ಕುಳಿತವರಲ್ಲಿ ಬಹುಪಾಲು ಜನರಿಗೆ ಕಳೆದುಕೊಳ್ಳಲು ಏನೂ ಇರಲಿಲ್ಲ. ಲೇಖಕರಿಗೆ ಇತ್ತು, ನಿಮಗೂ ಇದೆ.

ಪ್ರಶ್ನೆ: ಶ್ರೇಷ್ಠ ಕಾದಂಬರಿಯಿಂದ ಒಳ್ಳೆಯ ಚಿತ್ರ ಬರುವುದೇ ಇಲ್ಲ, ಸಾಧಾರಣ ಕಾದಂಬರಿಯಿಂದ ಮಾತ್ರ ಬರುತ್ತದೆ ಎನ್ನುತ್ತಾರೆ. ನಿಜವೆ?

ಕೇಳಿ ಕೇಳಿ ಸಾಕಾಗಿರುವ ಮಾತು. ‘ಸಂಸ್ಕಾರ’ ಮತ್ತು ‘ಚೋಮನ ದುಡಿ’ ಚಿತ್ರಗಳನ್ನು ನೋಡಿ.

ಪ್ರಶ್ನೆ: ಯಾವ ಕಾದಂಬರಿಯನ್ನಾದರೂ ನಿಗದಿತ ಹಂತಗಳಲ್ಲಿ ಚಿತ್ರಕಥೆಯಾಗಿಸುವ ಸೂತ್ರವನ್ನು ಎರಡು ದಿನಗಳ ಶಿಬಿರದಲ್ಲಿ ಕಲಿಸುತ್ತಾರಂತೆ. ಸೇರಬಹುದೆ?

ಸೇರಬೇಡಿ. ಇಷ್ಟನೆಯ ಪುಟದಲ್ಲಿ ಸಂಘರ್ಷ ಹುಟ್ಟಬೇಕು, ಇಷ್ಟನೆಯ ಪುಟದಲ್ಲಿ ತಿರುವು ಬರಬೇಕು ಎಂದು ಅಳತೆಪಟ್ಟಿ ಹಿಡಿದು ಕಲಿಸುವವರು ಈ ಕ್ಷೇತ್ರದ ನಾಟಿ ಡಾಕ್ಟರರು. ಎಲ್ಲ ರೋಗಕ್ಕೂ ಅವರಲ್ಲಿ ಒಂದೇ ಗುಳಿಗೆ ಇದೆ. ಆ ಸೂತ್ರಕ್ಕೆ ಒಗ್ಗಿಸಲು ಕಾದಂಬರಿಯಿಂದ ಅವರು ಮೊದಲು ಕಿತ್ತು ಹಾಕುವುದು ಏನೂ ನಡೆಯದ ಅಧ್ಯಾಯಗಳನ್ನು, ಮತ್ತು ಓದುಗರು ಆ ಪುಸ್ತಕವನ್ನು ಪ್ರೀತಿಸಲು ಕಾರಣವಾದದ್ದು ಬಹಳ ಸಲ ಅಂಥ ಅಧ್ಯಾಯಗಳಲ್ಲೇ ಇರುತ್ತದೆ. ಈ ಶಿಬಿರಗಳಿಂದ ಹೊರಬಂದ ಎಳೆಯರು ತಂದ ಚಿತ್ರಕಥೆಗಳನ್ನು ಓದಿ ನಾನು ನಿಜವಾಗಿ ದುಃಖಪಟ್ಟಿದ್ದೇನೆ, ಏಕೆಂದರೆ ಅವರಲ್ಲಿ ಕೆಲವರು ಸೇರುವ ಮೊದಲು ಚೆನ್ನಾಗಿ ಬರೆಯುತ್ತಿದ್ದರು. ಕಲಿಯುವ ಮನಸ್ಸಿದ್ದರೆ ಒಂದು ಕಾದಂಬರಿಯ ಒಂದೇ ಪುಟವನ್ನು ತೆಗೆದುಕೊಂಡು, ಸಂಭಾಷಣೆಯನ್ನೂ ಹಿನ್ನೆಲೆ ಧ್ವನಿಯನ್ನೂ ಬಳಸದೆ ದೃಶ್ಯವಾಗಿ ಬರೆಯಿರಿ. ಒಂದು ತಿಂಗಳು ಅದನ್ನೇ ಮತ್ತೆ ಮತ್ತೆ ತಿದ್ದಿ ಬರೆಯಿರಿ.

ಪ್ರಶ್ನೆ: ಮೊದಲು ಓದಬೇಕೋ, ಮೊದಲು ನೋಡಬೇಕೋ?

ಮೊದಲು ಓದಿ. ಆದರೆ ಚಿತ್ರಕ್ಕೆ ಹೋಗುವ ವಾರದಲ್ಲಿ ಮತ್ತೆ ಓದಬೇಡಿ. ಹಾಗೆ ಓದಿ ಹೋದವರು ಚಿತ್ರವನ್ನು ನೋಡುವುದಿಲ್ಲ, ಪುಸ್ತಕದೊಂದಿಗೆ ತಾಳೆ ನೋಡುತ್ತಾರೆ. ನಾನಂತೂ ಕನಿಷ್ಠ ಒಂದು ವರ್ಷದ ಅಂತರ ಇಟ್ಟುಕೊಳ್ಳುತ್ತೇನೆ.

ಪ್ರಶ್ನೆ: ನನ್ನ ಮೆಚ್ಚಿನ ಕಾದಂಬರಿಯನ್ನು ಯಾರೂ ಸಿನಿಮಾ ಮಾಡದಂತೆ ತಡೆಯುವ ದಾರಿ ಇದೆಯೆ?

ನಿಮಗಿಲ್ಲ, ಲೇಖಕರಿಗೆ ಇದೆ. ಹಕ್ಕು ಅವರದು, ಅವರ ನಂತರ ವಾರಸುದಾರರದು, ಹಕ್ಕಿನ ಅವಧಿ ಮುಗಿದ ಮೇಲೆ ಎಲ್ಲರದು. ಅಮೆರಿಕದ ಲೇಖಕ ಜೆ.ಡಿ. ಸ್ಯಾಲಿಂಜರ್ ತಮ್ಮ ಒಂದು ಸಣ್ಣ ಕಥೆ 1949ರಲ್ಲಿ ಚಿತ್ರವಾದ ರೀತಿಯನ್ನು ಕಂಡು ನೊಂದರು, ನಂತರ ಹದಿಹರೆಯದ ಹುಡುಗನೊಬ್ಬ ತಾನೇ ಕಥೆ ಹೇಳುವ ತಮ್ಮ 1951ರ ಕಾದಂಬರಿಯ ಹಕ್ಕನ್ನು ಎಷ್ಟು ಜನ ಕೇಳಿದರೂ ಕೊಡಲಿಲ್ಲ. 1957ರಲ್ಲಿ ಹಾಗೆ ಕೇಳಿದವರೊಬ್ಬರಿಗೆ ಬರೆದ ಪತ್ರದಲ್ಲಿ ಅವರು ಕಾರಣವನ್ನು ವಿವರಿಸಿದ್ದಾರೆ: ಪುಸ್ತಕದ ತೂಕವೆಲ್ಲ ಇರುವುದು ಕಥೆ ಹೇಳುವ ಹುಡುಗನ ದನಿಯಲ್ಲಿ, ಅವನಿಂದ ಆ ದನಿಯನ್ನು ಬೇರ್ಪಡಿಸಿ ದೃಶ್ಯಗಳನ್ನು ಮಾತ್ರ ಎತ್ತಿಕೊಳ್ಳಲು ಬರುವುದಿಲ್ಲ ಎಂಬುದು ಅದರ ಸಾರ. 2010ರಲ್ಲಿ ತೀರಿಕೊಳ್ಳುವವರೆಗೂ ಅವರು ಆ ನಿರ್ಧಾರವನ್ನು ಬದಲಿಸಲಿಲ್ಲ.