ಮೇಸ್ತ್ರಿ ಕೊಟ್ಟ ದಿನಾಂಕ, ಮಗಳು ಗೀಟು ಹಾಕಿದ ಕ್ಯಾಲೆಂಡರ್

ಪ್ರಶ್ನೆ: ಅಕ್ಕಾ, ನನಗೆ 34 ವರ್ಷ. ಮೈಸೂರಿನಲ್ಲಿ ಮಾವ 1982ರಲ್ಲಿ ಕಟ್ಟಿಸಿದ ಮನೆಯಲ್ಲಿ ಅತ್ತೆ, ಮಾವ, ನಾವಿಬ್ಬರು, 6 ವರ್ಷದ ಮಗಳು, 2 ವರ್ಷದ ಮಗ ಇದ್ದೇವೆ. ಯಜಮಾನರು ಬೆಂಗಳೂರಿಗೆ ದಿನಾ ರೈಲಿನಲ್ಲಿ ಓಡಾಡುತ್ತಾರೆ. ಬೆಳಿಗ್ಗೆ ಆರಕ್ಕೆ ಹೋದರೆ ಬರುವುದು ರಾತ್ರಿ ಒಂಬತ್ತಕ್ಕೆ. ನಾನು ಮನೆಯಿಂದಲೇ ಒಂದು ಕಂಪನಿಯ ಲೆಕ್ಕ ಬರೆಯುತ್ತೇನೆ.

ಜೂನ್‌ನಲ್ಲಿ ಅಡುಗೆಮನೆ ಮತ್ತು ಎರಡು ಬಚ್ಚಲುಮನೆ ರಿಪೇರಿ ಶುರುವಾಯಿತು. ಮೇಸ್ತ್ರಿ 45 ದಿನ ಅಂದಿದ್ದರು. ಈಗ ಮೂರು ತಿಂಗಳು ದಾಟಿದೆ. ಒಂದು ಬಚ್ಚಲು ಮಾತ್ರ ಮುಗಿದಿದೆ. ಗ್ಯಾಸ್ ಸ್ಟವ್ ಹಾಲ್‌ನಲ್ಲಿದೆ, ಪಾತ್ರೆ ತೊಳೆಯುವುದು ಹಿತ್ತಲಲ್ಲಿ. 6 ಲಕ್ಷ ಅಂದುಕೊಂಡಿದ್ದು 8 ದಾಟಿತು. ಹಳೇ ಕಿಟಕಿಗಳಿಗೂ ಬಣ್ಣ ಹೊಡೆಸೋಣ ಅಂತ ಈ ವಾರ ಉಜ್ಜಲು ಶುರು ಮಾಡಿದ್ದಾರೆ.

ದಸರಾ ರಜೆಗೆ ಮುರುಡೇಶ್ವರಕ್ಕೆ ರೈಲು, ರೂಮು ಎರಡೂ ಬುಕ್ ಆಗಿವೆ. ಷಷ್ಠಿ ದಿನ ರಾತ್ರಿ ಹೊರಟು ವಿಜಯದಶಮಿಯ ಮಾರನೇ ದಿನ ವಾಪಸ್ ಬರುವುದು. ಮಗಳು ಇನ್ನೂ ಸಮುದ್ರ ನೋಡಿಲ್ಲ, ಕ್ಯಾಲೆಂಡರ್ ಮೇಲೆ ದಿನಾ ಒಂದು ಗೀಟು ಎಳೆಯುತ್ತಾಳೆ. ಈಗ ಮೇಸ್ತ್ರಿ ಅದೇ ವಾರ ಟೈಲ್ಸ್ ಹಾಕುತ್ತೇನೆ ಅನ್ನುತ್ತಿದ್ದಾರೆ. "ಯಾರಾದರೂ ನಿಂತು ಮಾಡಿಸಬೇಕು. ಅಪ್ಪಂಗೆ ಇದೆಲ್ಲಾ ಗೊತ್ತಾಗಲ್ಲ. ಕ್ಯಾನ್ಸಲ್ ಮಾಡೋಣ, ಇಲ್ಲಾಂದ್ರೆ ನೀನೇ ಮಕ್ಕಳನ್ನ ಕರ್ಕೊಂಡು ಹೋಗು" ಅನ್ನುತ್ತಾರೆ ಯಜಮಾನರು. ಗೊಂಬೆ ಕೂರಿಸುವ ಹಬ್ಬದಲ್ಲಿ ಸೊಸೆ ಊರಲ್ಲಿರುವುದಿಲ್ಲ ಅಂತ ಅತ್ತೆಗೆ ಬೇಸರ. ಜಂಬೂಸವಾರಿಗೆ ನಾದಿನಿಯ ಮನೆಯವರೂ ಬರುತ್ತಾರೆ. ನಿಜ ಹೇಳಬೇಕೆಂದರೆ, ನಾನಿಲ್ಲದಿದ್ದರೆ ಒಂದು ಟೈಲ್ಸೂ ಸರಿಯಾಗಿ ಕೂರುವುದಿಲ್ಲ.

ಇನ್ನೊಂದು ವಿಷಯ. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹಸಿ ಸಿಮೆಂಟ್ ಮೇಲೆ ಮಗಳು ಕಾಲಿಟ್ಟಳು ಅಂತ ಹೊಡೆದುಬಿಟ್ಟೆ. ಅವತ್ತಿನಿಂದ ಅವಳು ಪ್ರತಿ ಬಾಗಿಲಲ್ಲೂ ನಿಂತು "ಅಮ್ಮಾ, ಇಲ್ಲಿ ಕಾಲಿಡಬಹುದಾ?" ಅಂತ ಕೇಳುತ್ತಾಳೆ. ನಾನು ಏನು ಮಾಡಲಿ?

– ಹೆಸರು ಬೇಡ, ಮೈಸೂರು

ಉತ್ತರ: ನಿಮ್ಮ ಪತ್ರ ಓದಿದ ಕೂಡಲೇ ನನಗೆ ಹೊಳೆದದ್ದು ಒಂದೇ. ನೀವು ಮೈಸೂರಿನವರಾಗಿದ್ದೂ ಮೇಸ್ತ್ರಿಯ ಮಾತು ನಂಬಿದಿರಲ್ಲಾ! ದಸರೆಯ ವಾರದಲ್ಲಿ ಟೈಲ್ಸ್ ಹಾಕುತ್ತಾರಂತೆ. ಆಯುಧಪೂಜೆ ದಿನ ಕರಣೆ, ರಸಮಟ್ಟ, ಟೈಲ್ಸ್ ಕಟ್ಟರ್ ಎಲ್ಲಾ ತೊಳೆದು, ಕುಂಕುಮ ಇಟ್ಟು, ಹೂ ಮುಡಿಸಿ ಇಡುತ್ತಾರೆ. ಮುಟ್ಟುವ ಮಾತೇ ಇಲ್ಲ. ಮಾರನೇ ದಿನ ವಿಜಯದಶಮಿ. ಹುಡುಗರು ಒಂದೋ ಊರಿಗೆ ಹೋಗಿರುತ್ತಾರೆ, ಇಲ್ಲಾ ಬನ್ನಿಮಂಟಪದ ದಾರಿಯಲ್ಲಿ ಆನೆ ನೋಡಲು ನಿಂತಿರುತ್ತಾರೆ. ನಮ್ಮ ಮನೆ ರಿಪೇರಿಯ ವರ್ಷ "ಹಬ್ಬ ಮುಗಿದ ಮಾರನೇ ದಿನವೇ ಬರ್ತೀವಿ ಮೇಡಂ" ಅಂದಿದ್ದರು. ಒಂಬತ್ತನೇ ದಿನ ಬಂದರು. ಅವರ ತಪ್ಪು ಅಂತ ಹೇಳುತ್ತಿಲ್ಲ. ಹಬ್ಬ ಅವರಿಗೂ ಇರುತ್ತದೆ. ಆ ದಿನಾಂಕ ನಂಬಿಕೊಂಡು ನಾನು ಮನೆಯಲ್ಲೇ ಕೂತಿದ್ದೆ, ಅದು ನನ್ನ ತಪ್ಪು.

ಹಾಗಾಗಿ ಕ್ಯಾನ್ಸಲ್ ಮಾಡಬೇಡಿ. ಹೋಗಿ ಬನ್ನಿ. ನಾಲ್ಕೂ ಜನ.

ಬರೀ ಮಗಳ ಆಸೆ ನೋಡಿ ಈ ಮಾತು ಹೇಳುತ್ತಿಲ್ಲ. ಗಾರೆ ಕೆಲಸದಲ್ಲಿ ಅರ್ಧ ಭಾಗ ಕಾಯುವುದೇ. ಸಾಮಾನ್ಯ ಸಿಮೆಂಟಾದರೆ ಕನಿಷ್ಠ 7 ದಿನ ನೀರು ಹೊಡೆಯಬೇಕು. ಈಗ ಮನೆ ಕೆಲಸಕ್ಕೆ ಜಾಸ್ತಿ ಬಳಸುವ ಪಿಪಿಸಿ, ಅಂದರೆ ಹಾರುಬೂದಿ ಬೆರೆಸಿದ ಸಿಮೆಂಟ್ ಆದರೆ 10 ದಿನ. ಬಚ್ಚಲಿಗೆ ವಾಟರ್‌ಪ್ರೂಫಿಂಗ್ ಆದ ಮೇಲೆ ಅದು ಪೂರ್ತಿ ಒಣಗಬೇಕು. ಆಮೇಲೆ ನೀರು ಹೋಗುವ ತೂತಿಗೆ ಬಟ್ಟೆ ತುರುಕಿ, ನಾಲ್ಕು ಬೆರಳು ನೀರು ನಿಲ್ಲಿಸಿ, ಒಂದೆರಡು ದಿನ ಹಾಗೇ ಬಿಡಬೇಕು. ಪಕ್ಕದ ಗೋಡೆಯಲ್ಲಿ ತೇವ ಕಾಣಿಸದಿದ್ದರೆ ಮಾತ್ರ ಟೈಲ್ಸ್. ಎಷ್ಟೋ ಕಡೆ ಆತುರದಲ್ಲಿ ಈ ಪರೀಕ್ಷೆಯನ್ನೇ ಬಿಟ್ಟುಬಿಡುತ್ತಾರೆ. ಎರಡು ವರ್ಷದ ಮೇಲೆ ಗೋಡೆ ಬೊಬ್ಬೆ ಎದ್ದಾಗ ಅದರ ನೆನಪಾಗುತ್ತದೆ. ನಿಮ್ಮ ಎರಡನೇ ಬಚ್ಚಲಿನ ವಾಟರ್‌ಪ್ರೂಫಿಂಗನ್ನು ಪಂಚಮಿಯೊಳಗೆ ಮುಗಿಸಿಕೊಡಿ ಅಂತ ಪಟ್ಟು ಹಿಡಿಯಿರಿ. ನವಮಿ, ದಶಮಿ ಎರಡು ದಿನ ನೀರು ನಿಂತಿರಲಿ. ಕೆಲಸದವರಿಗೂ ರಜೆ, ಬಚ್ಚಲಿಗೂ ರಜೆ. ಟೈಲ್ಸ್ ನೀವು ಬಂದ ಮೇಲೆ.

ಕಿಟಕಿ ಉಜ್ಜುತ್ತಿದ್ದಾರೆ ಅಂತ ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ನಾನು ಅಲ್ಲೇ ನಿಂತುಬಿಟ್ಟೆ. 1982ರ ಮನೆ. ಆ ಕಾಲದ ಎನಾಮಲ್ ಬಣ್ಣದಲ್ಲಿ ಸೀಸ ಇರುವ ಸಂಭವ ಜಾಸ್ತಿ. ಮನೆಗೆ ಹೊಡೆಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲು ಮೀರಬಾರದು ಅನ್ನುವ ಕಾನೂನು ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಒಣ ಉಜ್ಜುಕಾಗದದಲ್ಲಿ ಉಜ್ಜಿದರೆ ಆ ಪುಡಿ ನೆಲದ ಮೇಲೆ, ಹಾಸಿಗೆಯ ಮೇಲೆ, ಆಟದ ಸಾಮಾನಿನ ಮೇಲೆ ಕೂರುತ್ತದೆ. ಎರಡು ವರ್ಷದ ಮಗು ಸಿಕ್ಕಿದ್ದನ್ನೆಲ್ಲಾ ಬಾಯಿಗೆ ಹಾಕುತ್ತದೆ. ಸೀಸ ಹೊಡೆತ ಕೊಡುವುದು ಬೆಳೆಯುವ ಮಿದುಳಿಗೆ. ಇವತ್ತೇ ಆ ಕೆಲಸ ನಿಲ್ಲಿಸಿ. ಸಪ್ತಮಿ, ಅಷ್ಟಮಿ ಎರಡು ದಿನ ಮಕ್ಕಳು ಊರಲ್ಲಿರುವುದಿಲ್ಲ, ಆಗ ಮಾಡಲಿ. ಅದೂ ನೀರು ಹಾಕಿಕೊಂಡು ಉಜ್ಜಲಿ. ಪೊರಕೆ ಬೇಡ, ಒದ್ದೆ ಬಟ್ಟೆಯಲ್ಲಿ ಎರಡು ಸಲ ಒರೆಸಲಿ. ಅಷ್ಟು ಹೊತ್ತು ಅತ್ತೆ, ಮಾವ ಮುಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡಿರಲಿ, ಇಲ್ಲಾ ಯಾರ ಮನೆಗಾದರೂ ಹೋಗಿ ಬರಲಿ. ಈಗಾಗಲೇ ಉಜ್ಜಿದ ಕೋಣೆಯಲ್ಲಿ ಚಿಕ್ಕವನು ಆಡಿದ್ದರೆ ಮಕ್ಕಳ ಡಾಕ್ಟರಿಗೆ ಒಂದು ಮಾತು ಹೇಳಿ. ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ.

ಇದರ ಜೊತೆಗೇ ಇನ್ನೊಂದು. ಕೆಲಸದವರು ನೀರು ತುಂಬಿಸಿಡುವ ಡ್ರಮ್ಮು, ಸಂಪಿನ ಮುಚ್ಚಳ ಎರಡನ್ನೂ ಸಂಜೆ ಅವರು ಹೋದ ಮೇಲೆ ನೀವೇ ಹೋಗಿ ನೋಡಿ. ಅಂಗೈ ಆಳದ ನೀರು ಸಾಕು, ಇಷ್ಟು ಚಿಕ್ಕ ಮಕ್ಕಳು ಸದ್ದಿಲ್ಲದೆ ಮುಳುಗುತ್ತಾರೆ. ನಿಮ್ಮನ್ನು ಹೆದರಿಸುತ್ತಿದ್ದೇನೆ. ಬೇಕೆಂದೇ.

ಈಗ "ಯಾರಾದರೂ ನಿಂತು ಮಾಡಿಸಬೇಕು" ಅನ್ನುವ ಮಾತಿಗೆ ಬರೋಣ. ಯಾರು ಆ ಯಾರಾದರೂ? ಮೂರು ತಿಂಗಳಿಂದ ನೀವೇ. ನಿಮ್ಮ ಯಜಮಾನರು ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುವವರು. ಅವರಿಗೆ ಈ ಕೆಲಸ ಅಂದರೆ ವಾಟ್ಸಾಪ್‌ನಲ್ಲಿ ಬರುವ ಫೋಟೋ, ಫೋಟೋ ಕೆಳಗೆ ನೀವು ಕೇಳುವ "ಇದು ಓಕೆನಾ?". ಧೂಳಿಗೆ ವಾಸನೆ ಇದೆ, ಡ್ರಿಲ್ ಸದ್ದಿಗೆ ಮಗು ಮಧ್ಯಾಹ್ನ ನಿದ್ದೆ ಮಾಡುವುದಿಲ್ಲ. ಇದೆಲ್ಲಾ ಫೋಟೋದಲ್ಲಿ ಬರುವುದಿಲ್ಲ. ಅವರನ್ನು ಕೆಟ್ಟವರು ಅನ್ನಲಾರೆ. ದಿನಕ್ಕೆ ಹೆಚ್ಚೂ ಕಡಿಮೆ ಮುನ್ನೂರು ಕಿಲೋಮೀಟರ್ ಓಡಾಡುವ ಮನುಷ್ಯ, ಪಾಪ, ಅವರಿಗೂ ಸುಸ್ತು. ಆದರೆ ನೀವು ಸಿಟ್ಟಿನಲ್ಲಿ ಇಬ್ಬರು ಮಕ್ಕಳನ್ನು ಎತ್ತಿಕೊಂಡು ಒಬ್ಬರೇ ಹೋಗುವುದು ಬೇಡ. ಸಮುದ್ರದ ದಂಡೆಯಲ್ಲಿ ಒಂದು ಮಗುವಿಗೆ ಒಬ್ಬ ದೊಡ್ಡವರು ಬೇಕೇಬೇಕು. ಈ ಕಾರಣಕ್ಕಾದರೂ ಅವರು ಬರಬೇಕು. ಬರುವ ಸೋಮವಾರ ರಜೆ ಹಾಕಿ ಮನೆಯಲ್ಲಿರಲು ಹೇಳಿ. ಮೇಸ್ತ್ರಿ ಹತ್ತಿರ ಅವರೇ ಮಾತಾಡಲಿ, ಪಂಚಮಿಯ ಗಡುವನ್ನು ಅವರೇ ಹಾಕಲಿ. ನೀವು ಆ ದಿನ ಮಧ್ಯೆ ಬಾಯಿ ಹಾಕಬೇಡಿ. ಕಷ್ಟ ಆಗುತ್ತದೆ ಅಂತ ಗೊತ್ತು.

ಗೊತ್ತು, ಯಾಕೆಂದರೆ "ನಾನಿಲ್ಲದಿದ್ದರೆ ಒಂದು ಟೈಲ್ಸೂ ಸರಿಯಾಗಿ ಕೂರುವುದಿಲ್ಲ" ಅಂತ ಬರೆದವರು ನೀವು. ಹೋಗಬೇಕು ಅಂತಲೂ ಇದೆ, ನೀವು ಹೋದರೂ ಕೆಲಸ ನಡೆದುಬಿಟ್ಟರೆ ಅನ್ನುವ ಅಳುಕೂ ಇದೆ. ನನಗೂ ಇತ್ತು. ಸಿಂಕಿನ ನಲ್ಲಿ ಎಡಕ್ಕೋ ಬಲಕ್ಕೋ ಅಂತ ಪ್ಲಂಬರ್ ನನ್ನನ್ನು ಕೇಳದೆ ತೀರ್ಮಾನ ಮಾಡಿದ ದಿನ ನಾನು ಊಟ ಬಿಟ್ಟಿದ್ದೆ ಅಂದರೆ ನಂಬುತ್ತೀರಾ? ನಲ್ಲಿ ಸರಿಯಾಗಿಯೇ ಇತ್ತು.

ಇನ್ನು "ಅಪ್ಪಂಗೆ ಇದೆಲ್ಲಾ ಗೊತ್ತಾಗಲ್ಲ" ಅನ್ನುವುದು. ಆ ಮನೆ ಕಟ್ಟಿಸಿದ್ದು ಯಾರು? 1982ರಲ್ಲಿ ಅಡಿಪಾಯದಿಂದ ಮೋಲ್ಡಿನವರೆಗೆ ನಿಂತು ಮಾಡಿಸಿದ ಮನುಷ್ಯನಿಗೆ, ನಿಂತ ನೀರು ಇಳಿದಿದೆಯೋ ಇಲ್ಲವೋ ನೋಡಲು ಬರುವುದಿಲ್ಲವಾ? ಪೂರ್ತಿ ಪತ್ರದಲ್ಲಿ ಮಾವ ಒಂದು ಮಾತೂ ಆಡಿಲ್ಲ. ಅವರನ್ನು ಯಾರೂ ಕೇಳಿಲ್ಲ ಅಂತ ನನ್ನ ಊಹೆ. ಹೋಗಿ ಕೇಳಿ. "ಮಾವ, ಆ ಐದು ದಿನ ನೀವೇ ನೋಡಿಕೊಳ್ಳಬೇಕು. ಬೆಳಿಗ್ಗೆ ಸಂಜೆ ಹಿಂದಿನ ಗೋಡೆಗೆ ಪೈಪ್ ಹಿಡಿಯಬೇಕು. ಬಚ್ಚಲಲ್ಲಿ ನೀರಿನ ಮಟ್ಟಕ್ಕೆ ಸೀಮೆಸುಣ್ಣದಲ್ಲಿ ಗೀಟು ಹಾಕಿ ದಿನಾ ನೋಡಬೇಕು" ಅಂತ ಬಿಡಿಸಿ ಹೇಳಿ. ಅವರ ಮುಖ ನೋಡಿ ಆಮೇಲೆ ನನಗೆ ಬರೆಯಿರಿ.

ಅತ್ತೆಯದು ಬೇರೆ ಥರದ ಬೇಸರ. ಹಬ್ಬದಲ್ಲಿ ಮನೆ ಗುಡಿಸಿ ಸಾರಿಸಿ ಇಲ್ಲ, ಮೆಟ್ಟಿಲು ಕಟ್ಟಿ ಗೊಂಬೆ ಕೂರಿಸಲು ಜಾಗ ಇಲ್ಲ, ಹಾಲ್‌ನಲ್ಲಿ ಗ್ಯಾಸ್ ಸ್ಟವ್. ಅವರಿಗೆ ಸಂಕಟ ಆಗಿಯೇ ಆಗುತ್ತದೆ. ಈ ವರ್ಷ ಪಟ್ಟದ ಗೊಂಬೆ ಮಾತ್ರ ಇಡೋಣ ಅಂತ ಹೇಳಿ ನೋಡಿ. ರಾಜ, ರಾಣಿ, ಮುಂದೆ ಒಂದು ಕಲಶ. ಒಂದು ಮಣೆ ಸಾಕು. ನವರಾತ್ರಿ ಶುರುವಾಗಿ ಮೊದಲ ಐದಾರು ದಿನ ನೀವು ಊರಲ್ಲೇ ಇರುತ್ತೀರಿ. ಅಕ್ಕಪಕ್ಕದ ಮಕ್ಕಳನ್ನು ಕರೆದು ಗೊಂಬೆ ಬಾಗಿನ ಕೊಡುವುದನ್ನು ಆಗಲೇ ಎರಡು ಸಂಜೆ ಮಾಡಿ. ನಿಮ್ಮ ಮಗಳೇ ಹಂಚಲಿ. ನಾದಿನಿಗೆ ಅತ್ತೆಯ ಮೂಲಕ ಹೇಳಿಸಬೇಡಿ, ನೀವೇ ಫೋನ್ ಮಾಡಿ. ಒಂದೇ ಬಚ್ಚಲು, ಅಡುಗೆ ಹಾಲ್‌ನಲ್ಲಿ, ನಾವು ನಾಲ್ವರು ಇರುವುದಿಲ್ಲ, ಬಂದು ಅಮ್ಮನ ಜೊತೆ ಇದ್ದರೆ ಸಂತೋಷ ಅನ್ನಿ. ಬಂದರೆ ಅತ್ತೆಗೆ ಮಗಳ ಕೈಯಡುಗೆ. ಬಾರದಿದ್ದರೆ ಅತ್ತೆ ಮಾವ ಟಿವಿಯಲ್ಲಿ ಜಂಬೂಸವಾರಿ ನೋಡುತ್ತಾರೆ. ಮೈಸೂರಿನವರು ಬಹಳ ಜನ ನೋಡುವುದೇ ಹಾಗೆ.

ದುಡ್ಡಿನ ಮಾತನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ, ಆದರೂ ತಲೆಯಲ್ಲಿ ಓಡುತ್ತಿರುತ್ತದೆ. ಎಂಟು ಲಕ್ಷ ದಾಟಿದ ಮನೆಗೆ ಐದು ದಿನದ ಪ್ರಯಾಣ ಕೈಬಿಟ್ಟರೆ ಹೇಳಿಕೊಳ್ಳುವಂಥ ಉಳಿತಾಯ ಆಗುವುದಿಲ್ಲ. ತೀರಾ ಕಷ್ಟ ಅಂದರೆ ಚಿಮಣಿ ಮುಂದಿನ ವರ್ಷ ಹಾಕಿಸಿ.

ಪ್ರಯಾಣಕ್ಕೆ ಜಾಸ್ತಿ ಹೇಳುವುದಿಲ್ಲ. ರಾತ್ರಿ ಹತ್ತಿದರೆ ಹೆಚ್ಚಿನ ದಾರಿ ನಿದ್ದೆಯಲ್ಲೇ ಕಳೆಯುತ್ತದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 57 ಸುರಂಗ ಇವೆ, ಆ ಹೊತ್ತಿಗೆ ಮಗಳು ಎದ್ದಿದ್ದರೆ ಎಣಿಸಲು ಹೇಳಿ. ನೀರಿಗೆ ಬೆಳಿಗ್ಗೆ ಬೇಗ, ಬಿಸಿಲು ಏರುವ ಮೊದಲು. ಮುಂಗಾರಿನ ಅಬ್ಬರ ಇಳಿದಿದ್ದರೂ ಅಲೆಯನ್ನು ನಂಬಬೇಡಿ, ಮಕ್ಕಳು ಮೊಣಕಾಲು ದಾಟಿ ಹೋಗಬಾರದು. 123 ಅಡಿಯ ಶಿವನ ಮೂರ್ತಿಯನ್ನು ಚಿಕ್ಕವನು ಎರಡು ನಿಮಿಷ ನೋಡುತ್ತಾನೆ, ಮರಳಿನಲ್ಲಿ ಎರಡು ಗಂಟೆ ಕೂರುತ್ತಾನೆ. ಒಂದು ದಿನ ಹೊನ್ನಾವರದ ಕಾಂಡ್ಲಾವನಕ್ಕೆ (ಮ್ಯಾಂಗ್ರೋವ್ ಕಾಡು) ಹೋಗಿ. ಮರದ ಹಲಗೆಯ ಕಾಲುದಾರಿ ಇದೆ, ಕೆಳಗೆ ಕೆಸರಿನಲ್ಲಿ ಏಡಿ ಓಡಾಡುತ್ತವೆ. ಒಂದು ಸಂಜೆ ಏನೂ ಇಟ್ಟುಕೊಳ್ಳಬೇಡಿ. ಸುಮ್ನೆ ಕೂತಿರಿ. ಮೇಸ್ತ್ರಿಗೆ ದಿನಕ್ಕೆ ಒಂದೇ ಫೋನ್, ಅದೂ ಯಜಮಾನರದು.

ಹೊರಡುವ ಮೊದಲು ಕೆಲಸದವರಿಗೆ ಹಬ್ಬದ ಖರ್ಚಿಗೆ ಕೈಬಿಚ್ಚಿ ಕೊಡಿ, ಸ್ವೀಟ್ ಬಾಕ್ಸ್ ಕೊಡಿ. ಬಾಕಿ ಹಣ ಮಾತ್ರ ಪೂರ್ತಿ ಚುಕ್ತಾ ಮಾಡಬೇಡಿ.

ಕೊನೆಗೆ ಮಗಳು. ಬಾಗಿಲಲ್ಲಿ ನಿಂತು ಕಾಲಿಡಬಹುದಾ ಅಂತ ಕೇಳುವ ಆರು ವರ್ಷದ ಹುಡುಗಿ ಎರಡು ದಿನದಿಂದ ನನ್ನ ಕಣ್ಮುಂದೆಯೇ ಇದ್ದಾಳೆ. ಅವಳ ಹತ್ತಿರ ಕೂತು ಹೇಳಿ: "ಅವತ್ತು ಹೊಡೆದದ್ದು ಅಮ್ಮನ ತಪ್ಪು. ಅಮ್ಮಂಗೆ ಸುಸ್ತಾಗಿತ್ತು, ಸಿಮೆಂಟ್ ಮೇಲಿನ ಸಿಟ್ಟು ನಿನ್ನ ಮೇಲೆ ಹಾಕಿಬಿಟ್ಟೆ." ಅಷ್ಟೇ. "ಆದರೆ ನೀನೂ..." ಅಂತ ಸೇರಿಸಬೇಡಿ. ಆಮೇಲೆ ಅವಳಿಗೊಂದು ಕೆಲಸ ಕೊಡಿ. ಗೋಡೆಗೆ ತಾತ ಪೈಪ್ ಹಿಡಿದಾಗ ಇವಳು ಪಕ್ಕದಲ್ಲಿ ನಿಂತು ಪುಟ್ಟ ಮಗ್‌ನಲ್ಲಿ ನೀರು ಎರಚಲಿ. ಹೊಸ ಮನೆ ನೋಡಬೇಡ, ಮುಟ್ಟಬೇಡ ಅನ್ನಿಸಿಕೊಂಡ ಮಕ್ಕಳಿಗೆ ಅದು ತಮ್ಮ ಮನೆ ಅಂತ ಅನ್ನಿಸಲು ಬಹಳ ದಿನ ಬೇಕು.

ಆ ಹೆಜ್ಜೆ ಗುರುತು ಹಾಗೇ ಇರಲಿ ಅಂತ ಬರೆದಿದ್ದರೆ ಓದಲು ಚೆನ್ನಾಗಿರುತ್ತಿತ್ತು. ಆದರೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಅಂದಿರಿ. ಅಲ್ಲಿ ನೀರು ನಿಂತು ಪಾಚಿ ಕಟ್ಟುತ್ತದೆ, ಅತ್ತೆ ಜಾರುತ್ತಾರೆ. ಮುಚ್ಚಿಸಿ. ಮುಚ್ಚುವ ದಿನ ಮಗಳನ್ನು ಕರೆದು, ಕೈಗೆ ಗ್ಲೌಸ್ ಹಾಕಿ, ಕರಣೆಯನ್ನು ಅವಳಿಗೇ ಕೊಡಲು ಮೇಸ್ತ್ರಿಗೆ ಹೇಳಿ.